ಅಳಬೇಡ ಎಂದು ಹೇಳುವ ಕೆಲಸ

ಹೋದ ತಿಂಗಳು ಕಂಪ್ಲಿಯಲ್ಲಿ ಒಬ್ಬ ತಾಯಿಗೆ ‘ಅಳಬೇಡ’ ಎಂದು ಹೇಳಿ ಬರಲು ನನ್ನನ್ನು ಗುಡಿಸಲೊಳಗೆ ಕಳಿಸಿದರು. ಒಳಗೆ ಅವಳ ಮಗಳ ಹೆಣ ಇತ್ತು.

ಪಾದ್ರಿಯ ಹೆಂಡತಿಗೆ ಇದೂ ಒಂದು ಡ್ಯೂಟಿ.

ಪ್ರತಿ ವಾರ ಈ ಅಂಕಣ ಓದುವವರಿಗೆ ನನ್ನ ಉಳಿದ ಡ್ಯೂಟಿಗಳು ಗೊತ್ತೇ ಇವೆ. ಹೊಸಪೇಟೆಯ ನಮ್ಮ ಮನೆಗೆ ಬಾಗಿಲು ಎಂಬುದು ಹೆಸರಿಗೆ ಮಾತ್ರ. ಅತ್ತೆ ಸೊಸೆ ಜಗಳ ಬಂದರೆ ನನ್ನ ಹತ್ತಿರ. ಹುಟ್ಟಿದ ಕೂಸಿಗೆ ಹೆಸರು ಬೇಕಾದರೆ ನನ್ನ ಹತ್ತಿರ. ಭಾನುವಾರ ಹಾರ್ಮೋನಿಯಂ ಬಾರಿಸುವವಳು ನಾನು. ಯಜಮಾನರ ಪ್ರಸಂಗ ಉದ್ದವಾದರೆ ಜನ ನನ್ನ ಮುಖ ನೋಡುತ್ತಾರೆ, ನಾನೇ ಬರೆದುಕೊಟ್ಟವಳ ಹಾಗೆ. (ನಾನು ಬರೆದಿದ್ದರೆ ಅರ್ಧಕ್ಕೇ ಮುಗಿಯುತ್ತಿತ್ತು.) ನಮ್ಮ ಹಿತ್ತಲ ಗೋಡೆಯಾಚೆ ಒಬ್ಬ ಆಚಾರ್ಯರ ಮನೆಯಿದೆ. ಅವರ ಹೆಂಡತಿ ಒಂದು ದಿನ ಬಟ್ಟೆ ಒಣಗಿಸುತ್ತ ಕೇಳಿದರು: “ಪೂಜಿ ಮಾಡೋರು ನಿಮ್ಮ ಯಜಮಾನ್ರು. ನೀವ್ಯಾಕ್ರೀ ಇಷ್ಟು ದಣೀತೀರಿ?”

ನಕ್ಕು ಒಳಗೆ ಬಂದೆ.

ಈ ಸಲದ ವಿಷಯ ಮಾತ್ರ ನಗುವಂಥದ್ದಲ್ಲ.

ಸಂತೋಷಮ್ಮ ಕಂಪ್ಲಿಯ ಕೇರಿಯವಳು; ಅಲ್ಲಿನ ಬಹಳ ಮಂದಿಯ ಹಾಗೆ ಹೊಳೆಯಾಚೆಯಿಂದ ಬಂದು ನೆಲೆಸಿದವಳು. ದೀಕ್ಷಾಸ್ನಾನಕ್ಕೆ ಮುಂಚೆ ಅವಳ ಹೆಸರು ದುರುಗವ್ವ. ಸಂತೋಷಮ್ಮ ಎಂದು ಹೊಸ ಹೆಸರಿಟ್ಟದ್ದು ನಮ್ಮ ಮಿಷನ್ನಿನವರು. (ಹೆಸರಿಡುವಾಗ ಯಾರೂ ಮುಂದಿನದನ್ನು ಯೋಚಿಸುವುದಿಲ್ಲ.) ಗಂಡ ತೀರಿಹೋಗಿ ಎಷ್ಟೋ ವರ್ಷಗಳಾದವು. ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿ ಮಾಡಿ, ಕಳೆ ಕಿತ್ತು, ಕಬ್ಬು ಹೊತ್ತು ಒಬ್ಬಳೇ ಮಗಳನ್ನು ಸಾಕಿದಳು.

ಮಗಳ ಹೆಸರು ರೂತ್. ಬಳ್ಳಾರಿಯಲ್ಲಿ ಬೋರ್ಡಿಂಗಿನಲ್ಲಿದ್ದು ಓದಿ, ಟ್ರೈನಿಂಗ್ ಮುಗಿಸಿ, ತನ್ನ ಕೇರಿಯ ಶಾಲೆಗೇ ಟೀಚರಾಗಿ ಬಂದಳು. ಅವಳು ಪಾಠ ಮಾಡುವಾಗ ಸಂತೋಷಮ್ಮ ಕೆಲಸ ಬಿಟ್ಟು ಬಂದು ಕಿಟಕಿಯಾಚೆ ನಿಲ್ಲುತ್ತಿದ್ದಳು. ಅಕ್ಷರ ಕಲಿಯುವುದಕ್ಕಲ್ಲ. ಮಗಳು ಕುರ್ಚಿಯ ಮೇಲೆ ಕೂತದ್ದನ್ನು ನೋಡುವುದಕ್ಕೆ.

ಆ ಹುಡುಗಿಗೆ ಚಳಿಜ್ವರ ಬಂತು. ಕಂಪ್ಲಿಯ ಕಡೆ ನೀರೂ ಧಾರಾಳ, ಸೊಳ್ಳೆಯೂ ಧಾರಾಳ. ಕ್ವಿನೈನ್ ಕುಡಿಸಿದರು. ಜ್ವರ ಇಳಿಯಿತು. ಮತ್ತೆ ಏರಿತು. ತಲೆಗೆ ಹೊಡೆಯಿತು. ಹೋದಳು.

ಸುದ್ದಿ ಬಂದ ಕೂಡಲೇ ನಾನು, ಯಜಮಾನರು ಬೆಳಗಿನ ಬಸ್ಸು ಹಿಡಿದು ಹೊರಟೆವು. ಕಮಲಾಪುರ ದಾಟಿದ ಮೇಲೆ ಅವರು, “ಯಾವ ಹಾಡು ಹಾಡಿಸೋಣ?” ಎಂದರು. ಅವರಿಗೆ ದುಃಖವಾದಾಗ ಹೀಗೆಯೇ ಏನಾದರೊಂದು ವ್ಯವಸ್ಥೆಯ ಮಾತು ತೆಗೆಯುತ್ತಾರೆ.

ಕೇರಿಗೆ ಹೋಗುವಷ್ಟರಲ್ಲಿ ಯೋಹಾನಪ್ಪನವರು ಎಲ್ಲ ಸಿದ್ಧ ಮಾಡಿದ್ದರು. ಅವರು ಕಂಪ್ಲಿ ಕ್ರೈಸ್ತ ಸಭೆಯ ಹಿರಿಯರು. ಗಾರೆ ಕೆಲಸದವರು. ಅಲ್ಲಿನ ಚರ್ಚಿನ ಗೋಡೆ ಎಬ್ಬಿಸಿದ್ದು ಅವರ ಕೈಯೇ. ಎಂಥ ಬಿಸಿಲಿದ್ದರೂ ಅಂಗಿಯ ಗುಂಡಿಯನ್ನು ಕುತ್ತಿಗೆಯ ತನಕ ಹಾಕಿಕೊಳ್ಳುವ ಮನುಷ್ಯ. ರೂತ್ ಮಲಗಿದ್ದಷ್ಟು ಕಾಲ ಔಷಧಿಗೆ ಓಡಾಡಿದವರು ಅವರೇ. ಪೆಟ್ಟಿಗೆ ಮಾಡಿಸಿದವರೂ ಅವರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ನೀವು ಅವರನ್ನು ಕೆಟ್ಟವರೆಂದುಕೊಳ್ಳಬಾರದು.

ಅವರು ನನ್ನನ್ನು ಪಕ್ಕಕ್ಕೆ ಕರೆದರು.

“ಅಮ್ಮಾರ, ಆಕಿ ಹಳೇ ಧಾಟಿ ಎತ್ತಾಕ ಹತ್ಯಾಳ. ನೀವು ಒಂದು ಮಾತು ಹೇಳ್ರಿ. ಹೆಣ್ಮಕ್ಕಳ ವಿಷ್ಯ, ಅಯ್ಯನೋರು ಹೇಳಿದ್ರ ಚಲೋ ಕಾಣಂಗಿಲ್ಲ.”

ಹಳೇ ಧಾಟಿ ಎಂದರೆ ಹಾಡಿಕೊಂಡು ಅಳುವುದು. ನಮ್ಮ ಸೀಮೆಯಲ್ಲಿ ಯಾರಾದರೂ ಸತ್ತರೆ ಹೆಂಗಸರು ಹೆಣದ ಪಕ್ಕ ಕೂತು, ಸತ್ತವರ ಒಂದೊಂದೇ ಗುಣ ಎತ್ತಿ, ರಾಗ ತೆಗೆದು ಅಳುತ್ತಾರೆ. ನಮ್ಮ ಸಭೆಯಲ್ಲಿ ಅದು ನಿಷೇಧ. ಸತ್ತವರು ಕರ್ತನ ಬಳಿಗೆ ಹೋಗಿದ್ದಾರೆ, ಆದ್ದರಿಂದ ಕೀರ್ತನೆ ಹಾಡಬೇಕು. ಕಣ್ಣು ಒದ್ದೆಯಾದರೆ ತಪ್ಪಿಲ್ಲ. ಬಾಯಿ ಮಾತ್ರ ಬಿಡಬಾರದು.

ಒಳಗೆ ಹೋದೆ. ರೂತಳಿಗೆ ಬಿಳಿ ಸೀರೆ ಉಡಿಸಿ, ತಲೆ ಬಾಚಿ ಮಲಗಿಸಿದ್ದರು. ಸಂತೋಷಮ್ಮ ಮಗಳ ಕೈ ಹಿಡಿದುಕೊಂಡು ಕೂತಿದ್ದಳು. ಗಂಟಲಲ್ಲಿ ಏನೋ ಸಣ್ಣಗೆ ಗುನುಗುಟ್ಟುತ್ತಿತ್ತು. ಇನ್ನೂ ಮಾತಾಗಿರಲಿಲ್ಲ.

ನಾನು ಪಕ್ಕದಲ್ಲಿ ಕೂತೆ. ನನ್ನ ಎರಡನೆಯ ಮಗು ಹೋದಾಗ ಅದರ ಶವಸಂಸ್ಕಾರದ ಆರಾಧನೆಗೆ ಹಾರ್ಮೋನಿಯಂ ಬಾರಿಸಿದವಳು ನಾನೇ. ಬೇರೆ ಯಾರಿಗೂ ಬರುತ್ತಿರಲಿಲ್ಲ. ‘ಎಂಥ ವಿಶ್ವಾಸ!’ ಎಂದು ಜನ ಹೊಗಳಿದರು. ವಿಶ್ವಾಸ ಎಲ್ಲಿಂದ ಬಂತು? ಕೈಗೆ ಬಿಡುವಿರಲಿಲ್ಲ, ಅಷ್ಟೇ.

ನಾನು ಬಾಯಿ ತೆರೆಯುವ ಮೊದಲೇ ಸಂತೋಷಮ್ಮ ಕೇಳಿದಳು.

“ಅಳಬ್ಯಾಡ ಅನ್ನಾಕ ಕಳಿಸ್ಯಾರಲ್ರೀ?”

ಹೂಂ ಎಂದೆ. ಸುಳ್ಳು ಹೇಳುವುದು ಹೇಗೆ?

“ಹೊಳಿ ಆಚೆ ಗೌಡ್ರ ಮನ್ಯಾಗ ಯಾರು ಸತ್ರೂ ನನ್ನ ಕರೀತಿದ್ರು. ಬರಂಗಿಲ್ಲ ಅನ್ನಂಗಿರಲಿಲ್ಲ. ಮಂದಿ ಹೆಣದ ಮುಂದ ಹೊತ್ತು ಮುಳುಗೂತನ ಅತ್ತೀನಿ, ಗಂಟಲು ಹರಿಯೂತನ ಹಾಡೀನಿ.” ಅವಳು ಮಗಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. “ಇದು ನನ್ನ ಹೆಣರೀ, ಅಮ್ಮಾ.”

ನಾನು ಎದ್ದು ಹೊರಗೆ ಬಂದೆ.

“ಅಳಲಿ ಬಿಡಿ ಯೋಹಾನಪ್ಪನವರೇ,” ಎಂದೆ.

“ಹಂಗಾರ ನಾವು ಹೆಗಲು ಕೊಡಂಗಿಲ್ಲರಿ.”

ಯೋಹಾನಪ್ಪನವರ ಮಾತೆಂದರೆ ಅಲ್ಲಿ ಎಲ್ಲರ ಮಾತು. ಬಿಸಿಲು ಏರುತ್ತಿತ್ತು. ನಮ್ಮ ಯಜಮಾನರು ತಮ್ಮ ಬೂಟಿನ ತುದಿ ನೋಡುತ್ತ ನಿಂತಿದ್ದರು.

“ನಮ್ಮ ಕರ್ತನೂ ಗೆಳೆಯನ ಗೋರಿಯ ಹತ್ತಿರ ಅಳಲಿಲ್ಲವೇ?” ಎಂದೆ. ಪಾದ್ರಿಯ ಹೆಂಡತಿಯ ಕೈಯಲ್ಲಿ ಇರುವ ಅಸ್ತ್ರ ಬೈಬಲ್ಲೊಂದೇ.

“ಅತ್ತಾರ್ರೀ,” ಎಂದರು ಯೋಹಾನಪ್ಪ. “ಹಾಡಿಲ್ಲ.”

ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅವರು ದನಿ ತಗ್ಗಿಸಿದರು.

“ಅಮ್ಮಾರ, ನಮ್ಮವ್ವ ಹಸಿ ಬಾಣಂತಿ ಇದ್ಲು. ಗೌಡ್ರ ಮನ್ಯಾಗ ಹೆಣ ಬಿತ್ತು. ಕೂಸು ಬಿಟ್ಟು ಅಳಾಕ ಹೋದ್ಲು. ಮೈಯಾಗ ತ್ರಾಣ ಇಲ್ಲ, ಕಣ್ಣೀರು ಎಲ್ಲಿಂದ ಬರ್ತೈತಿ? ಕಣ್ಣೀರು ಬರಲಿಲ್ಲಂತ ಬೈಸಿಕೊಂಡ್ಲು. ನಾ ಬಾಜೂಕ ನಿಂತು ಹಲಗಿ ಬಡೀತಿದ್ದೆ. ನಮ್ಮವ್ವನ್ನ ಬೈತಾರ, ನಾ ಬಡಿಯಾದು ನಿಲ್ಲಿಸಂಗಿಲ್ಲ. ಆ ಧಾಟಿ ಕಿವಿಗೆ ಬಿದ್ರ ಇವತ್ತೂ ನನ್ನ ಕೈ ತಾನ ಬಡ್ಕೊಂತಾವು. ಅದನ್ನ ಬಿಡಬೇಕಂತ ಇಲ್ಲಿಗೆ ಬಂದೀವಿ. ತಿರುಗಿ ಅಲ್ಲಿಗೇ ಒಯ್ಯಬ್ಯಾಡ್ರಿ.”

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯೇ?

ಸಂತೋಷಮ್ಮ ಯಾವಾಗ ಬಾಗಿಲಿಗೆ ಬಂದು ನಿಂತಳೋ ನಾವು ನೋಡಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಎತ್ರಿ,” ಎಂದಳು. “ನಾ ಬಾಯಿ ತೆಗ್ಯಂಗಿಲ್ಲ.”

ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಹಾಗೆಯೇ ಪೆಟ್ಟಿಗೆಯ ಹಿಂದೆ ನಡೆದಳು. ನಾವು ಕೀರ್ತನೆ ಹಾಡಿದೆವು. ಯೋಹಾನಪ್ಪನವರು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದರು. ಶಾಲೆಯ ಮಕ್ಕಳು ತಮ್ಮ ಟೀಚರು ಕಲಿಸಿದ ಹಾಗೆ ಸಾಲಾಗಿ ಬಂದರು. ಮಣ್ಣು ಹಾಕಿದ್ದಾಯಿತು. ಯಜಮಾನರು ಆಶೀರ್ವಾದ ಹೇಳಿದ್ದೂ ಆಯಿತು.

ಜನ ಚದುರಿದ ಮೇಲೆ ಅವಳು ಬಾಯಿಂದ ಸೆರಗು ತೆಗೆದಳು.

“ಮುಗೀತೇನ್ರೀ?”

“ಮುಗಿಯಿತು ಸಂತೋಷಮ್ಮ.”

“ಇಷ್ಟನಾ?” ಎಂದಳು.

ಸ್ವಲ್ಪ ದಿನ ಕಳೆಯಿತು. ಹೊಳೆಯಾಚೆಯ ಗೌಡರ ತಾಯಿ ತೀರಿಕೊಂಡಳು. ಮೊಮ್ಮಕ್ಕಳ ಮಕ್ಕಳನ್ನು ಕಂಡ ಮುದುಕಿ. ಹೊಳೆ ಆಚೆ ನಿಜಾಮರ ರಾಜ್ಯ, ಈಚೆ ಮದ್ರಾಸಿನವರದು. ಈಗ ಸಂತೋಷಮ್ಮನನ್ನು ಯಾರೂ ಬಲವಂತದಿಂದ ಎಳೆದುಕೊಂಡು ಹೋಗುವಂತಿರಲಿಲ್ಲ. ಆದರೂ ಹಳೆಯ ರೂಢಿಯಂತೆ ಗೌಡರ ಆಳು ಹೇಳಿ ಹೋದ. ಅವಳು ತಾನಾಗಿಯೇ ಹರಿಗೋಲು ಹತ್ತಿ ಹೊಳೆ ದಾಟಿದಳು. ಸಂಜೆಯ ತನಕ ಅಲ್ಲಿ ಹಾಡಿಕೊಂಡು ಅತ್ತಳು.

ಸುದ್ದಿ ಯೋಹಾನಪ್ಪನವರಿಗೆ ಮುಟ್ಟಿತು. ಅವರಿಂದ ನಮಗೆ. ಇದನ್ನು ವಿಚಾರಿಸಲು ಸಭೆಯ ಕಮಿಟಿ ಕೂಡುವ ಮೊದಲು ಅವಳ ಬಾಯಿಂದಲೇ ಕೇಳೋಣ ಎಂದು ನಾವಿಬ್ಬರೂ ಮತ್ತೆ ಕಂಪ್ಲಿಗೆ ಹೋದೆವು. ಅವಳ ದನಿ ಪೂರಾ ಒಡೆದುಹೋಗಿತ್ತು. ಯಜಮಾನರಿಗೆ ಕೇಳಿಸಲೆಂದು ಒಂದೊಂದು ಮಾತನ್ನೂ ನಾನು ತಿರುಗಿ ಹೇಳಬೇಕಾಯಿತು.

“ಮುದುಕಿ ಮುಖಾನ ನೋಡಲಿಲ್ಲರೀ ನಾನು. ಕಣ್ಣು ಮುಚ್ಚಿ ಕುಂತೆ. ನನ್ನ ಮಗಳಿಗೆ ಹಾಡಿದೆ. ಉದ್ದನ ಜಡಿ ಅಂದೆ. ಇನ್ನೂ ಮದಿವಿ ಆಗಿರಲಿಲ್ಲವ್ವಾ ಅಂದೆ. ಬೆರಳಾಗ ಸುಣ್ಣ ಮೆತ್ತಿತ್ತಲ್ಲವ್ವಾ ಅಂದೆ.”

“ಗೌಡರ ಮನೆಯವರು ಏನೂ ಕೇಳಲಿಲ್ಲವೇ?”

“ಜಡಿ ಅಂದಾಗ ಸೊಸೇರು ಮುಖಾ ಮುಖಾ ನೋಡ್ಕೊಂಡ್ರಂತ. ಮುದುಕಿ ತಲ್ಯಾಗ ನಾಕು ಕೂದ್ಲಿರಲಿಲ್ಲ. ಸುಣ್ಣ ಅಂದಾಗ, ನಮ್ಮತ್ತಿ ಎಲಿ ಅಡಿಕಿ ಭಾಳ ಹಾಕ್ತಿದ್ಲು, ಎಷ್ಟು ನೆಪ್ಪಿಟ್ಟಾಳ ನೋಡು, ಅಂತ ಅವ್ರೂ ಅತ್ರು.”

ಸೀಮೆಸುಣ್ಣಕ್ಕೆ ಹೀಗೆ ಗೌಡರ ಮನೆಯಲ್ಲಿ ಎಲೆ ಅಡಿಕೆಯ ಮರ್ಯಾದೆ ಸಿಕ್ಕಿತು. ನನಗೆ ನಗು ಬಂತು. ಅವಳಿಗೂ ಬಂತು. ನಗುತ್ತಲೇ ನಾವಿಬ್ಬರೂ ಕಣ್ಣೊರೆಸಿಕೊಂಡೆವು.

“ಅತ್ತ ಮೇಲೆ ಹಗುರಾಯಿತೇ?” ಎಂದು ಕೇಳಿದೆ. ಪಾದ್ರಿಯ ಹೆಂಡತಿಯರು ಇಂಥ ಪ್ರಶ್ನೆ ಕೇಳುವುದು ಬಿಡುವುದಿಲ್ಲ.

“ಇಲ್ರಿ. ಅತ್ತೆ, ಅಷ್ಟ. ಅಲ್ಲಿ ಬಾಯಿ ಮುಚ್ಚು ಅಂತ ಯಾರೂ ಅನ್ನಲಿಲ್ಲ.”

“ಎಲ್ಲಿ ಕೂರಿಸಿದರು?”

“ಎಲ್ಲಿ ಕುಂದ್ರಸ್ತಾರ? ಅಂಗಳದಾಚೆ, ದೂರ. ಮೊದಲಿನಂಗ. ಬರೂ ಮುಂದ ಮೊರದಾಗ ಜ್ವಾಳ ತಂದ್ರು. ಮ್ಯಾಲಿಂದ ಎತ್ತಿ ಉಡಿಗೆ ಸುರುವಿದ್ರು, ಮುಟ್ಟಬಾರದಂತ.”

“ಜೋಳ ಮನೆಗೆ ತಂದುಕೊಂಡೆಯಾ?”

“ಹೊಳಿಯಾಗ ಚೆಲ್ಲಿ ಬಂದೆ.”

ಕಮಿಟಿ ಹೊಸಪೇಟೆಯಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲೇ ಕೂಡಿತು. ನಾನು ಚಹಾ ಕೊಟ್ಟೆ. ಅಲ್ಲಿ ನನಗಿದ್ದ ಮಾತು ಸಕ್ಕರೆ ಸಾಕೋ ಬೇಕೋ ಎಂಬುದಷ್ಟೇ. ಜೋಳವನ್ನು ಹೊಳೆಗೆ ಚೆಲ್ಲಿದ ವಿಷಯವನ್ನು ಯಜಮಾನರು ಹೇಳಿದರು. ಸ್ವಲ್ಪ ಕಾಲ ತಡೆದು ನೋಡೋಣ, ತಾಯಿಯ ಕರುಳು ಎಂದರು. ಬೂಟಿನ ತುದಿ ನೋಡದೆ, ಎಲ್ಲರ ಮುಖ ನೋಡಿಯೇ ಹೇಳಿದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

“ಚೆಲ್ಲಿದ್ರೂ ಹೋಗಿ ಕುಂತಿದ್ದು ಖರೇ ಅಲ್ರೀ?” ಎಂದರು ಯೋಹಾನಪ್ಪ. “ನಾಳಿ ಅವ್ರು ನಮ್ಮ ಹುಡಿಗೇರ್ನ ಕರೀತಾರ. ಸಂತೋಷಮ್ಮ ಬಂದಿದ್ಲಲ್ಲ, ನಿಮಗೇನು ಧಾಡಿ ಅಂತಾರ. ಆಗ ಏನು ಹೇಳೋಣ?”

ಆ ಮಾತನ್ನು ತಳ್ಳಿಹಾಕುವುದು ಯಾರಿಂದಲೂ ಆಗಲಿಲ್ಲ. ಅವಳು ಸಭೆಯ ಮುಂದೆ ನಿಂತು ತಪ್ಪಾಯಿತು ಎನ್ನುವ ತನಕ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಅವಳಿಗಿಲ್ಲ ಎಂದು ತೀರ್ಮಾನವಾಯಿತು. ಮುಂದಿನ ಭಾನುವಾರ ಕಂಪ್ಲಿಯಲ್ಲಿ ಅದನ್ನು ಓದಿ ಹೇಳಿದವರು ನಮ್ಮ ಯಜಮಾನರು. ಮನೆಗೆ ಬಂದು ಊಟಕ್ಕೆ ಕೂತರು. ತಟ್ಟೆಯನ್ನು ಹಾಗೆಯೇ ಸರಿಸಿ ಎದ್ದರು. ಯೋಹಾನಪ್ಪನವರೂ ಅವತ್ತು ಆರಾಧನೆ ಮುಗಿಯುವ ತನಕ ತಲೆ ಎತ್ತಿರಲಿಲ್ಲ.

ಮೊನ್ನೆ ನಾನೊಬ್ಬಳೇ ಹೋಗಿ ಬಂದೆ. ಸಂತೋಷಮ್ಮ ಗದ್ದೆಯಿಂದ ಆಗ ತಾನೇ ಬಂದು ಕೆಸರು ಕಾಲು ತೊಳೆಯುತ್ತಿದ್ದಳು. ಕುಡಿಯಲು ನೀರು ಕೊಟ್ಟಳು. ನನ್ನ ಮಕ್ಕಳ ಆರೋಗ್ಯ ಕೇಳಿದಳು. ಶಾಲೆಗೆ ಹೊಸ ಟೀಚರು ಬಂದಿದ್ದಾರಂತೆ. ಕಿಟಕಿಯ ಹತ್ತಿರ ಹೋಗುವುದಿಲ್ಲ ಎಂದಳು.

“ಒಂದು ಮಾತು ತಪ್ಪಾಯಿತು ಅಂದುಬಿಡು. ಚರ್ಚಿಗೆ ಬಾ,” ಎಂದೆ.

“ಬಾಯಿ ಮುಚ್ಚಿ ಕುಂದ್ರಾಕ ಮನೀನ ಸಾಕಲ್ರೀ, ಅಮ್ಮಾ.”

ಸಿಟ್ಟಿನಿಂದ ಹೇಳಲಿಲ್ಲ. ಹವೆಯ ಬಗ್ಗೆ ಹೇಳಿದ ಹಾಗೆ ಹೇಳಿದಳು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಅವಳೇ ನೆನಪು ಮಾಡಿ, ಕೇರಿಯ ತುದಿಯ ತನಕ ಬಂದು ಕಳಿಸಿದಳು.

ದಾರಿಯುದ್ದಕ್ಕೂ ಯೋಹಾನಪ್ಪನವರ ತಾಯಿಯೇ ಕಣ್ಣ ಮುಂದೆ ಇದ್ದಳು. ನಾನು ಕಂಡವಳೇ ಅಲ್ಲ. ಯಾವಾಗ ಅಳಬೇಕು, ಎಷ್ಟು ಅಳಬೇಕು ಎಂದು ಆ ಬಾಣಂತಿಗೆ ಗೌಡರು ಹೇಳುತ್ತಿದ್ದರು. ಸಂತೋಷಮ್ಮನಿಗೆ ನಾವು ಹೇಳಿದೆವು.

ಹಾಗಾದರೆ ನಮ್ಮ ಸಭೆಯಲ್ಲಿ ಈಗ ಗೌಡರು ಯಾರು?