ಅಂಬುಬಾಯಿಯ ಗಂಟಿನ ಹಗ್ಗ ಮತ್ತು ಒಂಬತ್ತು ಅಡಿ ಸಾಮಾಯಿಕ ದಾರಿ

ಅಂಬುಬಾಯಿಯ ಮನೆಗೂ ಖಾಜಾಮಿಯಾನ ಮನೆಗೂ ನಡುವೆ ಒಂಬತ್ತು ಅಡಿ ಅಗಲದ ದಾರಿಯಿದೆ. ಅದಕ್ಕೆ ಹಾಸಿದ ಫರಸಿ ಕಲ್ಲು ನನ್ನ ಅಂಗಡಿಯದು, ಹೀಗಾಗಿ ಅಳತೆಯಲ್ಲಿ ನನಗೆ ಸಂಶಯವಿಲ್ಲ. ಪುರಸಭೆಯ ಕಾಗದದಲ್ಲಿ ಅದಕ್ಕೆ ಸಾಮಾಯಿಕ ದಾರಿ ಎಂದು ಹೆಸರು. ಅಂದರೆ ಇಬ್ಬರದೂ ಹೌದು, ಯಾರೊಬ್ಬರದೂ ಅಲ್ಲ. ದಾರಿಯ ಒಂದು ತುದಿಗೆ ಅಂಬುಬಾಯಿಯ ಎಮ್ಮೆ ಕಟ್ಟುವ ಹಿತ್ತಲು, ಇನ್ನೊಂದು ತುದಿಗೆ ಭಂಕೂರದ ರಸ್ತೆ, ರಸ್ತೆಯ ಆಚೆ ನನ್ನ ಕಲ್ಲಿನ ಅಂಗಡಿ. ಶಹಾಬಾದಿನಲ್ಲಿ ಕಲ್ಲು ಮಾರುವವನಿಗೆ ದಿನಕ್ಕೆ ನಾಲ್ಕು ಗಿರಾಕಿ ಬಂದರೆ ಹೆಚ್ಚು. ಉಳಿದ ಹೊತ್ತು ಎದುರಿನ ದಾರಿ ನೋಡುವುದೇ ಕೆಲಸ. ಆದ್ದರಿಂದ ಈ ಸಂಗತಿಯಲ್ಲಿ ನಾನು ಕೇಳಿದ್ದು ಕಡಿಮೆ, ಕಂಡದ್ದೇ ಹೆಚ್ಚು.

ಅಂಬುಬಾಯಿಯ ಅಪ್ಪ ಕಾಗಿಣಾ ಹೊಳೆಯಲ್ಲಿ ದೋಣಿ ಹಾಕುತ್ತಿದ್ದವನು. ಸೇತುವೆ ಬಂತು, ದೋಣಿ ದಂಡೆ ಹತ್ತಿತು. ಅದರ ಹಲಗೆಗಳು ಈಗ ಮಗಳ ಕೊಟ್ಟಿಗೆಯ ಬಾಗಿಲಾಗಿವೆ. ಬಾಗಿಲಿನ ಹಿಂದೆ ಮೊಳೆಗೆ ಒಂದು ಹಗ್ಗ ತೂಗುತ್ತದೆ, ಗೇಣಿಗೊಂದು ಗಂಟು. ಹೊಳೆಯ ಆಳ ನೋಡಲು ಅಪ್ಪ ಇಳಿಬಿಡುತ್ತಿದ್ದ ಹಗ್ಗವದು. ಅಂಬುಬಾಯಿ ಜಗತ್ತಿನ ಎಲ್ಲವನ್ನೂ ಅದರಿಂದಲೇ ಅಳೆಯುತ್ತಾಳೆ. ಒಮ್ಮೆ ನನ್ನಲ್ಲಿ ಮೂರು ಅಡಿಯ ಕಲ್ಲು ಕೊಂಡು, ಹಗ್ಗ ಹಿಡಿದು, "ಸಾವಕಾರ್ರಾ, ನಿಮ್ಮ ಮೂರು ಅಡಿ ನಾಕು ಗೇಣಿಗಿ ಎರಡು ಬೆರಳು ಕಮ್ಮಿ ಅದ" ಎಂದಳು. ನಾನು ಕಲ್ಲು ಬದಲಿಸಿ ಕೊಟ್ಟೆ. ಆ ಎರಡು ಬೆರಳು ಎಲ್ಲಿ ಹೋದವೆಂದು ಆಕೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗಂಡ ಸಾಬಣ್ಣ ವಾಡಿಯಲ್ಲಿ ರೈಲ್ವೆ ಗ್ಯಾಂಗಿನಲ್ಲಿದ್ದ, ವಾರಕ್ಕೊಮ್ಮೆ ಬಂದು ಉಂಡು ಮಲಗಿ ಹೋಗುವವನು. ಮನೆಯ ಯಜಮಾನಿಕೆಯೆಲ್ಲ ಅಂಬುಬಾಯಿಯದು, ಅಂಬುಬಾಯಿಯ ಯಜಮಾನಿಕೆ ಗಂಗಿಯದು. ಗಂಗಿ ಅಂದರೆ ಎಮ್ಮೆ. ಹಿಂದಿನ ವರ್ಷ ಬೇಸಿಗೆಯಲ್ಲಿ ಸೇತುವೆಯ ರಿಪೇರಿ ನಡೆದು, ಹೊಳೆಗೆ ಇಳಿಯುವ ದಾರಿ ಮುಚ್ಚಿ, ಹದಿನೈದು ದಿನ ಗಂಗಿ ನೀರಿಗಿಳಿಯಲಿಲ್ಲ. ಕಲ್ಲಿನ ಹಿತ್ತಲ ಕಾವಿನಲ್ಲಿ ಬೆಂದು, ಗಬ್ಬವಾಗಿದ್ದವಳು ದಿನ ತುಂಬುವ ಮೊದಲೇ ಕರು ಕಂದುಹಾಕಿದಳು. ಎಮ್ಮೆಗಿಂತ ಹೆಚ್ಚು ದಿನ ಅಂಬುಬಾಯಿಯೇ ಮೇವು ಬಿಟ್ಟಿದ್ದಳು. ಈ ವರ್ಷ ಗಂಗಿ ಮತ್ತೆ ಗಬ್ಬವಾದಾಗ ಆಕೆಯ ಹಟ ಒಂದೇ: ಈಯುವ ದಿನದವರೆಗೆ ಎರಡೂ ಹೊತ್ತು ಹೊಳೆಗೆ ಹೋಗಬೇಕು.

ಆಗ ಬಂತು ಮೋಟಾರು.

ಖಾಜಾಮಿಯಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತನಾದ ಮನುಷ್ಯ. ಇಪ್ಪತ್ತೆಂಟು ವರ್ಷ ಪರರ ಯಂತ್ರ ಬಿಚ್ಚಿದವನಿಗೆ ತನ್ನದೊಂದು ಯಂತ್ರ ಬಿಚ್ಚುವ ಆಸೆ. ಯಾವುದೋ ಹರಾಜಿನಲ್ಲಿ ಇಂಗ್ಲಿಷರ ಕಾಲದ ಒಂದು ಕಾರು ಹಿಡಿದ. ಅದರ ಮಡ್‌ಗಾರ್ಡುಗಳು ನಾಲ್ಕು ಕಡೆ ಉಬ್ಬಿ, ಎರಡು ಬದಿಗೆ ಕಾಲಿಡುವ ಹಲಗೆಗಳು ಚಾಚಿ, ಲಗ್ನದ ಊಟ ಮುಗಿಸಿದವರ ಹಾಗೆ ಕಾಣುತ್ತಿತ್ತು. ೧೯೭೪ರ ಫೆಬ್ರುವರಿಯಲ್ಲಿ ಒಂದು ಜೋಡಿ ಎತ್ತು ಅದನ್ನು ಎಳೆದು ತಂದವು. ಎತ್ತುಗಳನ್ನು ಬಿಚ್ಚಿದ ಜಾಗದಲ್ಲೇ, ಅಂದರೆ ಸಾಮಾಯಿಕ ದಾರಿಯಲ್ಲೇ, ಅದು ನಿಂತಿತು.

ಅಂಬುಬಾಯಿ ಅದೇ ಸಂಜೆ ಹಗ್ಗ ತಂದಳು. ಕಾರಿಗೂ ತನ್ನ ಗೋಡೆಗೂ ನಡುವೆ ಹಿಡಿದಳು. ಸರಿಯಾಗಿ ನಾಲ್ಕು ಗೇಣು. ಆಮೇಲೆ ಗಂಗಿಯ ಎರಡು ಪಕ್ಕಕ್ಕೆ ಎರಡು ಕೋಲು ನಿಲ್ಲಿಸಿ ನಡುವೆ ಹಗ್ಗ ಹಿಡಿದಳು. ಮೂರು ಗೇಣು, ನಾಲ್ಕು ಬೆರಳು.

"ಮಿಯಾ, ಇದು ಎಷ್ಟು ದಿನ ಇಲ್ಲೇ ನಿಂದ್ರತದ?"

"ಎಂಟು ದಿನ, ಬೆಹನ್. ಇಂಜಿನ್ ಜರಾ ಕೆಮ್ಮಲಿಕತ್ತದ, ದವಾ ಕೊಡಲಿಕತ್ತೀನಿ."

"ನನ್ನ ಎಮ್ಮಿ ಎಂಟು ದಿನಕ್ಕ ಎರಡು ಬೆರಳು ದಪ್ಪ ಆಗ್ತದ. ನಿನ್ನ ಮೋಟಾರು ತೆಳ್ಳಗ ಆಗ್ತದೇನು?"

ಖಾಜಾಮಿಯಾ ನಕ್ಕ. ಆ ನಗೆ ಅವನಿಗೆ ಎಷ್ಟು ದುಬಾರಿಯಾಗಲಿದೆಯೆಂದು ಆಗ ಅವನಿಗೆ ಗೊತ್ತಿರಲಿಲ್ಲ.

ಎಂಟು ದಿನ ತಿಂಗಳಾಯಿತು. ಅಂಬುಬಾಯಿ ಪುರಸಭೆಗೆ ಅರ್ಜಿ ಕೊಟ್ಟಳು. ಓವರ್‌ಸಿಯರ್ ಶರಣಬಸಪ್ಪ ನಿಯಮದ ಪುಸ್ತಕ ಬಗಲಲ್ಲಿ ಇಟ್ಟುಕೊಂಡು ಬಂದರು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಗಿ ನಾಲ್ಕೇ ತಿಂಗಳು. ಪುಸ್ತಕದ ಮೇಲಿನ 'ಮೈಸೂರು' ಎಂಬುದನ್ನು ಅವರು ಪೆನ್ಸಿಲಿನಲ್ಲಿ ಅಚ್ಚುಕಟ್ಟಾಗಿ ತಿದ್ದಿದ್ದರು. ಅಷ್ಟು ನಿಯತ್ತಿನ ಮನುಷ್ಯ. ನಿಂತು ಓದಿದರು: ಸಾಮಾಯಿಕ ದಾರಿಯನ್ನು ಯಾರೂ ಮುಚ್ಚತಕ್ಕದ್ದಲ್ಲ, ಅದರಲ್ಲಿ ಜಾನುವಾರು ಕಟ್ಟತಕ್ಕದ್ದಲ್ಲ, ಯಾವ ಕಟ್ಟಡವನ್ನೂ ಕಟ್ಟತಕ್ಕದ್ದಲ್ಲ, ಸಾಮಾನು ಏರಿಸುವ ಇಳಿಸುವ ಹೊತ್ತಿನ ಹೊರತು ವಾಹನ ನಿಲ್ಲಿಸತಕ್ಕದ್ದಲ್ಲ.

ಖಾಜಾಮಿಯಾ ಕಿವಿಗೊಟ್ಟು ಕೇಳಿದ. ಮರುದಿನ ಬೆಳಿಗ್ಗೆ ಅವನ ಹೆಂಡತಿ ಇಮಾಮ್ಬೀ ಜೋಳದ ಚೀಲವೊಂದನ್ನು ತಂದು ಕಾರಿನ ಹಿಂದಿನ ಸೀಟಿನಲ್ಲಿಟ್ಟಳು. ಸಂಜೆ ತೆಗೆದಳು. ಮರುದಿನ ಮತ್ತೆ ಇಟ್ಟಳು.

"ಏನ್ರಿ ಇದು?" ಶರಣಬಸಪ್ಪ ಕೇಳಿದರು.

"ಸಾಮಾನು ಏರಿಸಲಿಕತ್ತೀವಿ ಸಾಹೇಬ್ರ," ಖಾಜಾಮಿಯಾ ಎಂದ. "ಸಂಜಿಗಿ ಇಳಸ್ತೀವಿ. ಎಷ್ಟು ಹೊತ್ತು ಅಂತ ನಿಮ್ಮ ಕಿತಾಬಿನ್ಯಾಗ ಬರದದೇನು?"

ಶರಣಬಸಪ್ಪ ಪುಟ ತಿರುವಿದರು. ಬರೆದಿರಲಿಲ್ಲ. ಮೇಲಿನವರಿಗೆ ಬರೆದು ಕೇಳುತ್ತೇನೆ ಎಂದು ಹೋದರು. ಇಮಾಮ್ಬೀ ಚೀಲದ ಮೇಲೆ ಕುಳಿತು ಸೆರಗಿನಿಂದ ಗಾಳಿ ಬೀಸಿಕೊಂಡಳು.

"ಅಂಬಕ್ಕಾ, ನಿನ್ನ ಎಮ್ಮಿ ಜಲ್ದಿ ಈಯಲಿ ಅಂತ ದುವಾ ಮಾಡಲಿಕತ್ತೀನಿ. ಇಲ್ಲಂದ್ರ ಈ ಚೀಲಾ ಹೊತ್ತು ಹೊತ್ತು ನನ್ನ ಸೊಂಟಾ ಹೋಗ್ತದ."

"ಒಳಗ ಜ್ವಾಳ ತೆಗದು ಹೊಟ್ಟು ತುಂಬು. ನಿನ್ನ ಗಂಡಗ ಏನು ತಿಳಿತದ?"

ಅಂದಿನಿಂದ ಚೀಲ ಹಗುರವಾಯಿತು. ಖಾಜಾಮಿಯಾನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಮಾರ್ಚ್ ಮುಗಿಯುವ ಹೊತ್ತಿಗೆ ಗಂಗಿ ಮೂರು ಗೇಣು ಹತ್ತು ಬೆರಳಾಗಿದ್ದಳು. ಒಂದು ಸಂಜೆ ಹೊಳೆಯಿಂದ ಬರುವಾಗ ಹೊಟ್ಟೆ ಕಾರಿನ ಬಾಗಿಲ ಹಿಡಿಕೆಗೆ ತಗುಲಿ ನಿಂತುಬಿಟ್ಟಳು. ಮುಂದೆ ಹೋಗಲೊಲ್ಲಳು, ಹಿಂದೆ ಬರಲೊಲ್ಲಳು. ಅಂಬುಬಾಯಿ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಕಣ್ಣಲ್ಲಿ ನೀರಿತ್ತು. ನಾನು ಅಂಗಡಿಯಿಂದ ಎದ್ದು ಹೋದೆ, ಆದರೆ ಕಲ್ಲು ಮಾರುವವನು ಅಲ್ಲಿ ಮಾಡುವುದೇನಿದೆ?

ಮಾಡಿದವನು ಖಾಜಾಮಿಯಾ. ಕಿಟಕಿಯಿಂದ ಇದನ್ನು ನೋಡಿ ಒಳಗೆ ಹೋಗಿ ಪಾನಾ ತಂದ. ಹಿಡಿಕೆ ಬಿಚ್ಚಿದ. ಗಂಗಿ ಮುಂದೆ ನಡೆದಳು.

"ಹಿಡಿಕಿ ಇಲ್ದಿದ್ರ ಬಾಗಿಲಾ ಹೆಂಗ ತೆಗಿತೀ ಮಿಯಾ?" ಅಂಬುಬಾಯಿ ಮೂಗು ಸೀಟುತ್ತ ಕೇಳಿದಳು.

"ಆ ಕಡಿ ಬಾಗಿಲದ್ದು ಅದ ಅಲ್ಲಾ, ಬೆಹನ್. ಎರಡು ಬಾಗಿಲಾ ಯಾಕ ಬೇಕು, ಹೋಗೋದು ಎಲ್ಲಿಗಿ ಅದ?"

ಅಲ್ಲಿಂದ ಶುಕ್ರವಾರಕ್ಕೊಮ್ಮೆ ಕಾರ್ಯಕ್ರಮ ನಡೆಯಿತು. ನಮಾಜು ಮುಗಿಸಿ ಖಾಜಾಮಿಯಾ ಬರುವನು, ಅಂಬುಬಾಯಿ ಹಗ್ಗ ಹಿಡಿದು ಗಂಗಿಯನ್ನು ಅಳೆದು ವರದಿ ಕೊಡುವಳು, ಅವನು ಕಾರಿನಿಂದ ಅಷ್ಟನ್ನು ಬಿಚ್ಚುವನು. ಮೊದಲು ಕಾಲಿಡುವ ಹಲಗೆ. ಆಮೇಲೆ ಹಿಂದಿನ ಮಡ್‌ಗಾರ್ಡ್, ಆಮೇಲೆ ಮುಂದಿನದು. ಕಾರು ಸರಿಸಿ ರಸ್ತೆಗೆ ಹಾಕು ಎಂದು ಯಾರಾದರೂ ಹೇಳಿದರೆ ಅವನ ಮುಖ ಕೆಂಪಾಗುತ್ತಿತ್ತು. ಎಮ್ಮೆಗೋಸ್ಕರ ಬಿಚ್ಚುವುದು ದೊಡ್ಡ ಮನಸ್ಸು. ಪುರಸಭೆಗೋಸ್ಕರ ಸರಿಸುವುದು ಸೋಲು.

ಏಪ್ರಿಲ್ ಬಿಸಿಲಿಗೆ ಕಾರಿನ ಬಣ್ಣ ಪೊರೆ ಬಿಡತೊಡಗಿತು. ಖಾಜಾಮಿಯಾ ನನ್ನ ಅಂಗಡಿಗೆ ಬಂದ. ಬೇರೆ ಊರಿನವರು ಇಂಥ ಹೊತ್ತಿಗೆ ತಾಡಪತ್ರಿ ಹೊದಿಸುತ್ತಾರೆ. ನಮ್ಮೂರಿನವರಿಗೆ ಮನೆಯ ನೆಲ ಕಲ್ಲು, ಗೋಡೆ ಕಲ್ಲು, ಮಾಳಿಗೆ ಕಲ್ಲು, ಅರಿವೆ ಒಗೆಯುವುದು ಕಲ್ಲಿನ ಮೇಲೆ, ಸತ್ತ ಮೇಲೆ ಮೇಲೊಂದು ಕಲ್ಲು. ನೆರಳೆಂದರೂ ನಮಗೆ ಹೊಳೆಯುವುದು ಫರಸಿಯೇ.

"ಸಾವಕಾರ್ರಾ, ನಾಕು ಕಲ್ಲಿನ ಕಂಬ, ಮ್ಯಾಲ ಹಾಕಲಿಕ್ಕ ಎಂಟು ಫರಸಿ. ರೈಲಿನ ಹಳೀ ಹಳಿ ಎರಡು ನನ್ನ ಹತ್ರ ಅವ."

"ಐದು ಅಡಿ ಉದ್ದಂದು ಅವ. ನಡೀತದೇನು?"

"ಬರೋಬರ್."

ಖಾಜಾಮಿಯಾನ ಗೋಡೆಗೆ ಒತ್ತಿಕೊಂಡು, ಕಾರಿನ ಮೂತಿಯ ಮುಂದೆ ಎರಡು ಕಂಬ, ಹಿಂದೆ ಎರಡು ಕಂಬ ನಿಂತವು. ಅವುಗಳ ಮೇಲೆ ಉದ್ದಕ್ಕೆ ಎರಡು ಹಳಿ, ಹಳಿಯಿಂದ ಹಳಿಗೆ ಅಡ್ಡಡ್ಡ ಫರಸಿ. ಬುಡಕ್ಕೆ ಗಚ್ಚು ಸುರಿದ. ಫಿಟ್ಟರನ ಕೈ, ಕೂದಲಷ್ಟೂ ಆಚೀಚೆ ಇಲ್ಲ. ಆದರೆ ಫರಸಿ ಐದು ಅಡಿ, ಅದರ ಎರಡು ತುದಿ ಹಳಿಯ ಮೇಲೆ ಕೂರಬೇಕು. ಹೀಗಾಗಿ ಕಂಬಗಳ ನಡುವಿನ ಸಂದು ನಾಲ್ಕೂವರೆ ಅಡಿಯಾಯಿತು. ಕಾರು ಹುಟ್ಟಿದ್ದು ಐದೂವರೆ ಅಡಿ. ಇಪ್ಪತ್ತೆಂಟು ವರ್ಷ ಒಂದಕ್ಕೊಂದು ಕೂಡಿಸಿದ ಮನುಷ್ಯ ಕಲ್ಲಿಗೆ ಕಂಬ ಕೂಡಿಸಿದ, ಕಂಬಕ್ಕೆ ಕಾರು ಕೂಡಿಸುವುದನ್ನು ಮರೆತ. ಹಕ್ಕಿಯನ್ನು ಕೂರಿಸಿ ಸುತ್ತಲೂ ಪಂಜರ ಹೆಣೆದಂತಾಯಿತು. ನನಗೆ ಮಾರುವ ದಿನವೇ ಕಾಣಿಸಿತ್ತು. ಆದರೆ ಅವನು ನನ್ನನ್ನು ಕೇಳಿದ್ದು ಕಲ್ಲಿನ ಉದ್ದ. ಕಾರಿನ ಅಗಲ ಕೇಳಿದ್ದರೆ ಹೇಳುತ್ತಿದ್ದೆ.

ಗೊತ್ತಾದದ್ದು ಇಮಾಮ್ಬೀಗೆ. ಚೀಲ ಇಳಿಸುತ್ತ ಕಂಬ ನೋಡಿದಳು, ಕಾರು ನೋಡಿದಳು, ಗಂಡನನ್ನು ನೋಡಿದಳು.

"ಅಜೀ, ಇದಕ್ಕ ಈಗ ಇಂಜಿನ್ ಯಾಕ ಬೇಕು? ಗೋರಿ ಕಟ್ಟಿಯಾಯ್ತಲ್ಲ, ಮ್ಯಾಲ ಒಂದು ಚಾದರ್ ಹಾಕ್ರಿ."

ಶರಣಬಸಪ್ಪ ಮತ್ತೆ ಬಂದರು. ಈಗ ವಾಹನದ ಮಾತಲ್ಲ, ಕಟ್ಟಡದ ಮಾತು. ಹದಿನೈದು ದಿನದ ನೋಟಿಸು: ಕಾರು ತೆಗೆಯಬೇಕು, ಕಂಬ ಕೀಳಬೇಕು, ಇಲ್ಲದಿದ್ದರೆ ಪುರಸಭೆಯೇ ಕೆಡವುತ್ತದೆ. ಕಾರು ತೆಗೆಯದೆ ಕೆಡವಿದರೆ ಎಂಟು ಫರಸಿ, ಎರಡು ರೈಲು ಹಳಿ ಅದರ ಮೇಲೆಯೇ ಬೀಳುತ್ತವೆ. ಕೆಡವದೆ ಕಾರು ತೆಗೆಯುವುದು ಆಗುವ ಮಾತಲ್ಲ. ತಾನಾಗಿ ಕಲ್ಲು ಇಳಿಸಿದರೆ ಪುರಸಭೆಗೆ ಸೋತಂತೆ. ಖಾಜಾಮಿಯಾನಿಗೆ ಊಟ ಸೇರದಾಯಿತು.

ಗಂಗಿಗೆ ಅದೇನೂ ಸಂಬಂಧವಿಲ್ಲ. ಆಕೆ ದಪ್ಪವಾಗುತ್ತಲೇ ಇದ್ದಳು. ಅಂಬುಬಾಯಿಯ ಕಡೆ ಬಿಚ್ಚುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಕಾರನ್ನೇ ಖಾಜಾಮಿಯಾನ ಗೋಡೆಯ ಕಡೆ ನೂಕಿದರೆ ಒಂದು ಗೇಣು ಸಿಕ್ಕೀತು, ಆದರೆ ಆ ಕಡೆಯ ಮಡ್‌ಗಾರ್ಡ್ ಗೋಡೆಗೆ ತಾಗುತ್ತಿತ್ತು. ಆ ಶುಕ್ರವಾರ ಖಾಜಾಮಿಯಾ ಬಹಳ ಹೊತ್ತು ಕಾರಿನ ಮೇಲೆ ಕೈಯಾಡಿಸಿದ. ಆಮೇಲೆ ತನ್ನ ಕಡೆಯ ಹಲಗೆ, ಎರಡು ಮಡ್‌ಗಾರ್ಡ್ ಬಿಚ್ಚಿದ. ನಾನೂ ಅಂಬುಬಾಯಿಯೂ ಸೇರಿ ಕಾರನ್ನು ಎತ್ತೆತ್ತಿ ಗೋಡೆಯ ಕಡೆ ಸರಿಸಿದೆವು. ಗಂಗಿ ಆರಾಮವಾಗಿ ಹೊಳೆಗೆ ಹೋದಳು. ಉಳಿದದ್ದು ನಾಲ್ಕು ಚಕ್ರದ ಮೇಲೊಂದು ಪೆಟ್ಟಿಗೆ.

ಹದಿನೈದನೆಯ ದಿನ ಬೆಳಿಗ್ಗೆ ಶರಣಬಸಪ್ಪ ಇಬ್ಬರು ಆಳು, ಎರಡು ಹಾರೆ ತಂದರು. ಓಣಿಯೆಲ್ಲ ಕೂಡಿತು. ಖಾಜಾಮಿಯಾ ಕಾರಿನ ಮುಂದೆ ನಿಂತ.

"ಸಾಹೇಬ್ರ, ಮೊದಲ ನನ್ನ ತಲಿ ಮ್ಯಾಲ ಕಲ್ಲು ಕೆಡವ್ರಿ."

"ಹಂಗ ನಿಯಮದಾಗ ಇಲ್ರಿ," ಶರಣಬಸಪ್ಪ ನಿಜವಾಗಿಯೂ ಸಂಕಟಪಟ್ಟರು. "ಜರಾ ಸರಿರಿ."

ಗಂಗಿಯನ್ನು ಹೊಳೆಯಲ್ಲಿ ಬಿಟ್ಟು ಬಂದಿದ್ದ ಅಂಬುಬಾಯಿ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಕೈಯಲ್ಲಿ ಹಗ್ಗ. ಯಾರನ್ನೂ ಕೇಳದೆ ಎರಡು ಕಂಬಗಳ ನಡುವೆ ಹಿಡಿದಳು: ಆರು ಗೇಣು. ಕಾರಿನ ಮೂತಿಗೆ ಹಿಡಿದಳು, ಚಕ್ರದಿಂದ ಚಕ್ರಕ್ಕೆ ಹಿಡಿದಳು. ಒಮ್ಮೆ ಅಳೆದು ನಂಬದೆ ಮತ್ತೊಮ್ಮೆ ಅಳೆದಳು.

"ಮಿಯಾ, ಅಳಬ್ಯಾಡ. ಐದು ಗೇಣು ಎಂಟು ಬೆರಳು ಅದ. ನಿನ್ನ ಮೋಟಾರು ತೆಳ್ಳಗ ಆಗ್ಯಾದ."

ಶರಣಬಸಪ್ಪ ತಮ್ಮ ಟೇಪು ಹಿಡಿದರು. ಟೇಪು ಹಗ್ಗವನ್ನು ಒಪ್ಪಿತು. ಎಮ್ಮೆಗೆಂದು ಶುಕ್ರವಾರಕ್ಕೊಂದು ತುಂಡು ಬಿಚ್ಚುತ್ತ ಬಿಚ್ಚುತ್ತ ಖಾಜಾಮಿಯಾ ತನ್ನ ಪಂಜರದ ಬಾಗಿಲನ್ನೇ ತೆರೆದಿದ್ದ. ಹಾರೆ ಹಿಡಿದ ಆಳುಗಳೇ ಹಾರೆ ಕೆಳಗಿಟ್ಟು ಹಿಂದಿನಿಂದ ನೂಕಿದರು. ಕಾರನ್ನು ಮತ್ತೆ ನಡುವಿಗೆ ತಂದು, ಎರಡೂ ಪಕ್ಕಕ್ಕೆ ಒಂದೆರಡು ಬೆರಳು ಬಿಟ್ಟು, ಕಂಬದ ನಡುವಿನಿಂದ ಅದನ್ನು ರಸ್ತೆಗೆ ಹೊರಡಿಸಿದೆವು. ಇಮಾಮ್ಬೀ ಹಿಂದಿನ ಸೀಟಿನ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ಇಳಿಸಿದಳು. ಖಾಜಾಮಿಯಾ ಚೀಲವನ್ನೂ ಆ ಕೈಯನ್ನೂ ವಿಚಿತ್ರವಾಗಿ ನೋಡಿದ.

"ಇನ್ನ ಕಂಬ," ಎಂದು ಶರಣಬಸಪ್ಪ ಹಾರೆಯವರಿಗೆ ಕೈ ಮಾಡುವಷ್ಟರಲ್ಲಿ ಗಂಗಿ ತಾನೇ ಹೊಳೆಯಿಂದ ಬಂದಳು. ಹಿತ್ತಲಿಗೆ ಹೋಗಲಿಲ್ಲ. ಖಾಲಿಯಾದ ಕಲ್ಲಿನ ನೆರಳು ನೋಡಿದಳು, ಒಳಗೆ ನಡೆದು ಮಲಗಿದಳು. ಅಂಬುಬಾಯಿ ಬಗ್ಗಿ ನೋಡಿ, "ಯವ್ವಾ, ದಿನಾ ತುಂಬ್ಯಾವ" ಎಂದು ಅಲ್ಲೇ ಕುಕ್ಕರಿಸಿದಳು.

"ಸಾಮಾಯಿಕ ದಾರ್ಯಾಗ ಜಾನುವಾರು ಕಟ್ಟಬಾರದು," ಶರಣಬಸಪ್ಪ ಮೆಲ್ಲನೆ ಹೇಳಿದರು.

"ಕಟ್ಟಿಲ್ರಿ ಸಾಹೇಬ್ರ, ತಾನೇ ಮಲಗ್ಯಾಳ. ನೀವೇ ಎಬ್ಬಿಸ್ರಿ" ಎಂದಳು ಅಂಬುಬಾಯಿ.

ಶರಣಬಸಪ್ಪ ಎಬ್ಬಿಸಲಿಲ್ಲ. ಪುಸ್ತಕ ಮುಚ್ಚಿ, ಖಾಜಾಮಿಯಾ ತಂದಿಟ್ಟ ಕುರ್ಚಿಯಲ್ಲಿ ಕುಳಿತು, ಇಮಾಮ್ಬೀಯ ಚಹಾ ಕುಡಿದರು. ಮಧ್ಯಾಹ್ನಕ್ಕೆ ಗಂಗಿ ಹೆಣ್ಣು ಕರು ಹಾಕಿದಳು. ಅಂಬುಬಾಯಿ ಅದರ ಮೂಗು ಒರೆಸಿ, ಎದ್ದು ನಿಲ್ಲುವುದನ್ನು ನೋಡಿ, ಆಮೇಲೆ ಅತ್ತಳು. ಹಿಂದಿನ ವರ್ಷದ್ದೂ ಸೇರಿಸಿ ಅತ್ತಳು. ಎಂಟು ದಿನದ ಗಡುವು ಬರೆದುಕೊಟ್ಟು ಶರಣಬಸಪ್ಪ ಹೋದರು.

ಎಂಟು ದಿನದಲ್ಲಿ ಕಂಬ ಕಿತ್ತು ಬಂದವು. ಸಾಮಾಯಿಕ ದಾರಿಯಲ್ಲಿ ಎದ್ದದ್ದು ಅರ್ಧ ತನ್ನದೆಂದು ಅಂಬುಬಾಯಿ ವಾದಿಸಿದಳು. ಖಾಜಾಮಿಯಾ ಪೂರ್ತಿಯೇ ಒಯ್ದು ಆಕೆಯ ಹಿತ್ತಲಿನಲ್ಲಿ ಕರುವಿಗೆ ನೆರಳು ಮಾಡಿಕೊಟ್ಟ. ಮುಂದಿನ ಮಡ್‌ಗಾರ್ಡೊಂದನ್ನು ಅಂಗಾತ ತಿರುಗಿಸಿ ಗಚ್ಚಿನಲ್ಲಿ ಕೂರಿಸಿದ. ಕರು ಅದರಲ್ಲೇ ನೀರು ಕುಡಿಯುತ್ತದೆ.

ಕಾರು ಈಗ ನನ್ನ ಅಂಗಡಿಯ ಬಾಗಿಲಿಗೆ ಅಡ್ಡ ನಿಂತಿದೆ. ಕಲ್ಲಿನ ಬಂಡಿ ಒಳಗೆ ಬರಲು ಜಾಗವಿಲ್ಲ. ಕೇಳಿದರೆ ಖಾಜಾಮಿಯಾ, "ಎಂಟು ದಿನ, ಸಾವಕಾರ್ರಾ" ಎನ್ನುತ್ತಾನೆ. ಅಂಬುಬಾಯಿ ದಿನಕ್ಕೆರಡು ಸಲ ಗಂಗಿಯನ್ನೂ ಕರುವನ್ನೂ ಹೊಡೆದುಕೊಂಡು ಒಂಬತ್ತು ಅಡಿಯ ತುಂಬ ನಡೆದು ಬರುತ್ತಾಳೆ. ನನ್ನ ಅಂಗಡಿಯ ಮುಂದೆ ಒಂದು ಗಳಿಗೆ ನಿಂತು ಕಾರನ್ನೂ ನನ್ನನ್ನೂ ನೋಡುತ್ತಾಳೆ.

"ಸಾವಕಾರ್ರಾ, ಹಗ್ಗ ಬೇಕೇನ್ರಿ?"