ಗಾಳಿಯಲ್ಲೇ ಉಳಿದ ಚೆಂಡು

ತಗಡಿನ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಬಡಿಯಿತು. ಕೆತ್ತಿಟ್ಟು ಮರೆತ ಎಳನೀರು ಮೂರನೇ ದಿನಕ್ಕೆ ಕೊಡುತ್ತದಲ್ಲ, ಅಂಥ ವಾಸನೆ. ಒಳಗೆ ಇದ್ದದ್ದು ಒಂದೇ ಒಂದು ಸ್ಪೂಲ್ ಟೇಪು, ಅಂಚು ಸುರುಟಿಕೊಂಡಿತ್ತು. ಹಳೆಯ ಟೇಪು ಹಾಳಾಗುವಾಗ ಹೀಗೆ ಹುಳಿ ಬರುತ್ತದೆ ಎಂದು ನನಗೆ ಹೇಳಿಕೊಟ್ಟವರೇ ಅದರ ಯಜಮಾನರು. ಅದಕ್ಕೇ ಇರಬೇಕು, ವಾಸನೆ ಬಂದ ಗಳಿಗೆಯಲ್ಲೇ ಅವರು ನನ್ನ ಹಿಂದೆ ಬಂದು ನಿಂತಹಾಗಾಯಿತು. ತಿರುಗಿ ನೋಡಿದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಅವರದೊಂದು ರೇಡಿಯೊ ರಿಪೇರಿ ಅಂಗಡಿ. ಊರಿಗೆಲ್ಲ ಅವರು ರೇಡಿಯೊ ಸಾಬರು, ನನಗೆ ಚಾಚಾ. ಪಕ್ಕದಲ್ಲೇ ನಮ್ಮ ಅಪ್ಪನ ಕೊಬ್ಬರಿ ಅಂಗಡಿ. ಬೆಳಿಗ್ಗೆ ಒಂದು ಕಡೆ ಕೊಬ್ಬರಿ ಮೂಟೆ ಇಳಿಸುವ ಸದ್ದು, ಇನ್ನೊಂದು ಕಡೆ ಚಾಚಾನ ಅಂಗಡಿಯಿಂದ ಮೂರು ನಾಲ್ಕು ಹೆಣ್ಣುಮಕ್ಕಳು ಇಂಗ್ಲಿಷಿನಲ್ಲಿ ಒಟ್ಟಿಗೆ ಹಾಡುವ ಹಾಡು. ಹಿಂದೆ ಗಂಡಸರು ‘ಊ ಊ’ ಎನ್ನುತ್ತಿದ್ದರು. ಎಲ್ಲವೂ ಅರವತ್ತರ ದಶಕದ ಹಾಡುಗಳು. ಎಪ್ಪತ್ತರ ಈಚಿನದನ್ನು ಅವರು ಅಂಗಡಿಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

“ಎರಡೂವರೆ ನಿಮಿಷ ಕಣವ್ವಾ. ಅಷ್ಟ್ರಲ್ಲೇ ಪ್ರೀತಿ ಮಾಡ್ಬೇಕು, ಕೈ ಬಿಡ್ಬೇಕು, ಅಳ್ಬೇಕು, ಮುಗಿಸ್ಬೇಕು. ಈಗಿನೋರು ಆರು ನಿಮಿಷ ಎಳೀತಾರೆ, ಅಳಾನೇ ಬರಲ್ಲ” ಎನ್ನುತ್ತಿದ್ದರು. ನಮ್ಮಜ್ಜಿಗೆ ಆ ಹಾಡು ಕೇಳಿದರೆ ಮೈ ಉರಿಯುತ್ತಿತ್ತು. “ಕರ ಕಳ್ಕಂಡ ಎಮ್ಮೆಗಳಂಗೆ ಏನ್ ಅರಚ್ತಾವೋ” ಎಂದು ಗೊಣಗಿಕೊಂಡೇ ಅಂಗಡಿಯ ಕಟ್ಟೆ ಮೇಲೆ ಕೂತು ಪೂರ್ತಿ ಕೇಳುತ್ತಿದ್ದಳು.

ಅವರ ಇನ್ನೊಂದು ಹುಚ್ಚು ಬ್ಯಾಸ್ಕೆಟ್‌ಬಾಲು. ಅದೂ ಅಮೆರಿಕದ್ದು, ಅದೂ ಹಳೆಯದು. ಚಾಚಾ ಹುಡುಗರಾಗಿದ್ದಾಗ ಅಲ್ಲಿಯ ಸೈನಿಕರಿಗಾಗಿ ಹಾಕುತ್ತಿದ್ದ ಶಾರ್ಟ್‌ವೇವ್ ಸ್ಟೇಷನ್ನೊಂದು ನಮ್ಮಲ್ಲೂ ಸಿಗುತ್ತಿತ್ತಂತೆ. ಅಲ್ಲಿ ರಾತ್ರಿ ಆಡಿದ ಆಟ ಇಲ್ಲಿ ಬೆಳಗಿನ ಚಹಾದ ಹೊತ್ತಿಗೆ ಬರುತ್ತಿತ್ತು. ಆಟ ಮುಗಿದರೆ ಹಾಡು. ಹೀಗೆ ಎರಡೂ ಒಂದೇ ಪೆಟ್ಟಿಗೆಯಿಂದ ಬಂದು ಅವರಿಗೆ ಅಂಟಿಕೊಂಡವು. ಅಲ್ಲಿಯ ಒಂದೇ ಒಂದು ಆಟವನ್ನೂ ಅವರು ಕಣ್ಣಿಂದ ನೋಡಿರಲಿಲ್ಲ. ಆದರೆ ಯಾವ ಆಟಗಾರ ಎಡಗೈಯವನು, ಯಾರು ಎರಡೂ ಕೈಯಲ್ಲಿ ಚೆಂಡು ಹಿಡಿದು ಮೊಣಕಾಲ ಹತ್ತಿರದಿಂದ ಮೇಲಕ್ಕೆ ತೂರುತ್ತಿದ್ದ, ಎಲ್ಲ ಬಾಯಿಪಾಠ.

ಅಂಗಡಿಯ ಹಿತ್ತಲಲ್ಲಿ ಹುಣಸೆಮರಕ್ಕೆ ಒಂದು ಕಬ್ಬಿಣದ ಬಳೆ ಹೊಡೆದಿದ್ದರು. ಸೀಮೆಎಣ್ಣೆ ಪೀಪಾಯಿಯ ಪಟ್ಟಿ ಅದು. ಒಂದು ಮೊಳೆ ಸಡಿಲ. ಚೆಂಡು ಬಡಿದರೆ ‘ಠಣ್’ ಎಂದು, ಅದರ ಹಿಂದೆಯೇ ಮೊಳೆ ‘ಗಿಜಿಗಿಜಿ’ ಎನ್ನುತ್ತಿತ್ತು. ಎಂಟನೇ ಕ್ಲಾಸಿನಿಂದ ಸಾಯಂಕಾಲವೆಲ್ಲ ನಾನು ಆ ಬಳೆಗೆ ಚೆಂಡು ಹಾಕಿದೆ. ಬಾಣಲೆಯಿಂದ ಸೌಟು ಎತ್ತುವ ಹಾಗೆ ಕೆಳಗಿನಿಂದ ತೂರುವುದನ್ನು ಚಾಚಾ ಕಲಿಸಿದರು. ತರೀಕೆರೆಯ ಪಂದ್ಯದಲ್ಲಿ ಹಾಗೆ ಹಾಕಿದಾಗ ರೆಫರಿಯೇ ನಕ್ಕ. ಹತ್ತರಲ್ಲಿ ಒಂಬತ್ತು ಬಿದ್ದ ಮೇಲೆ ನಗು ನಿಂತಿತು.

ಆ ಸ್ಪೂಲಿನ ಕಥೆ ಅವರು ಹೇಳಿದ್ದು ಆ ವರ್ಷವೇ. ಆಗ ತಾವೂ ಚೆನ್ನಾಗಿ ಆಡುತ್ತಿದ್ದ ಚಾಚಾನಿಗೆ ಇಪ್ಪತ್ತೊಂದರ ವಯಸ್ಸಿನಲ್ಲಿ ಹುಬ್ಬಳ್ಳಿಯಿಂದ ಒಂದು ಕಾಗದ ಬಂದಿತ್ತು. ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡವೊಂದಕ್ಕೆ ಆಟಗಾರರನ್ನು ಆರಿಸುತ್ತಾರೆ, ಬಾ ಎಂದು. ಆಯ್ಕೆಯಾದರೆ ಕೆಲಸವೂ ಉಂಟು. ಅವರ ಅಬ್ಬಾಗೆ ಮಗ ಅಂಗಡಿಯಲ್ಲೇ ಕೂರಬೇಕು. ಹೋಗಬೇಕೋ ಬೇಡವೋ ಎಂದು ಒದ್ದಾಡಿದ ಚಾಚಾ ಹೊರಡಬೇಕಾದ ದಿನ ಬೆಳಿಗ್ಗೆ ರೇಡಿಯೊ ಮುಂದೆ ಕೂತರು. ಅವರ ಮೆಚ್ಚಿನ ತಂಡ ಒಂದು ಪಾಯಿಂಟು ಹಿಂದೆ. ಕೊನೆಯ ಕ್ಷಣ. ಅವರ ಮೆಚ್ಚಿನ ಆಟಗಾರನ ಕೈಯಲ್ಲಿ ಚೆಂಡು. ಎಸ್ಟೇಟ್ ದೊರೆಯೊಬ್ಬನಿಂದ ಕೊಂಡಿದ್ದ ಸ್ಪೂಲ್ ರೆಕಾರ್ಡರು ಓಡುತ್ತಿತ್ತು. ಚಾಚಾ ಮನಸ್ಸಿನಲ್ಲೇ ಅಂದುಕೊಂಡರಂತೆ: ಇದು ಬಿದ್ದರೆ ಹತ್ತು ಗಂಟೆ ಗಾಡಿ ಹತ್ತುತ್ತೇನೆ, ಬೀಳದಿದ್ದರೆ ಇಲ್ಲೇ.

ಚೆಂಡು ಆಟಗಾರನ ಕೈ ಬಿಟ್ಟಿತು. ಕರೆಂಟು ಹೋಯಿತು.

ಒಂದೂವರೆ ಗಂಟೆ ಬರಲಿಲ್ಲ. ಬಂದಾಗ ಹತ್ತು ಗಂಟೆಯ ಗಾಡಿ ಹೊಸದುರ್ಗ ರೋಡ್ ದಾಟಿತ್ತು, ರೇಡಿಯೊದಲ್ಲಿ ಹಾಡು ಬರುತ್ತಿತ್ತು. ಆ ಆಟದ ಫಲಿತಾಂಶ ನಮ್ಮ ಕಡೆಯ ಯಾವ ಪೇಪರಿನಲ್ಲೂ ಬರಲಿಲ್ಲ. ಆ ರೇಡಿಯೊ ಸ್ಟೇಷನ್ನಿಗೇ ಕಾಗದ ಬರೆದರು. ಅಲ್ಲಿಂದ ಒಂದು ಚೆಂದದ ಕ್ಯಾಲೆಂಡರು ಬಂತು.

ಇದನ್ನು ಕೇಳಿ ನಾನು ನಕ್ಕೆ. ಅಜ್ಜಿ ನಗಲಿಲ್ಲ. ನಮ್ಮ ಮನೆಯಲ್ಲಿ ಮದುವೆಯಿರಲಿ, ಬೋರ್‌ವೆಲ್ ಇರಲಿ, ಅಮ್ಮನವರ ಗುಡಿಯಲ್ಲಿ ಕೂತು ಹೂ ಕೇಳುವ ಪದ್ಧತಿ. ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆ, ಎಡಗಡೆಯಿಂದ ಬಿದ್ದರೆ ಬೇಡ. “ಹೂ ಕೇಳಿ, ಅದು ಬೀಳಕ್ ಮುಂಚೆ ಎದ್ದ್ ಬರಬಾರ್ದು ಕಣೇ. ಕೇಳಿದ್ದು ಹಂಗೇ ಉಳ್ಕಂಬಿಡ್ತದೆ” ಎಂದಳು. ಆಮೇಲೆ ಚಾಚಾನ ಕಡೆ ತಿರುಗಿ, “ನೀನು ಕೇಳ್ಬಾರ್ದಾಗಿತ್ತು ಕಣಪ್ಪಾ” ಎಂದಳು. ಚಾಚಾ ತಲೆ ಆಡಿಸಿದರು, ತಪ್ಪು ಒಪ್ಪಿಕೊಂಡ ಹಾಗೆ.

ವಾರಕ್ಕೊಮ್ಮೆ, ಶುಕ್ರವಾರ ನಮಾಜು ಮುಗಿಸಿ ಬಂದ ಮೇಲೆ, ಅವರು ಆ ಟೇಪು ಹಾಕುತ್ತಿದ್ದರು. ಕಾಮೆಂಟರಿ ಹೇಳುವವನ ಗಡಸು ದನಿ, ಜನರ ಗದ್ದಲ... ಕರೆಂಟು ಹೋದಾಗ ಸ್ಪೂಲು ನಿಧಾನವಾಗಿ ನಿಂತಿತ್ತಲ್ಲ, ಅದಕ್ಕೇ ಈಗ ಹಾಕಿದರೆ ಆ ದನಿ ಕೊನೆಯಲ್ಲಿ ಚುರುಕಾಗಿ, ಮೇಲೇರಿ, ಕೂಸಿನ ಚೀರಾಟವಾಗಿ ಕಡಿದುಹೋಗುತ್ತಿತ್ತು. ಆಮೇಲೆ ಖಾಲಿ. ಬರಿಯ ‘ಹೂಂ’ ಎನ್ನುವ ಸದ್ದು, ಕರೆಂಟು ಬಂದು ರೇಡಿಯೊದ ವಾಲ್ವು ಬಿಸಿಯಾಗುವವರೆಗಿನದು. ಆಮೇಲೆ ಹೆಣ್ಣುಮಕ್ಕಳ ಹಾಡು. ಆ ಖಾಲಿ ಜಾಗದಲ್ಲಿ ಚಾಚಾ ಮುಂದಕ್ಕೆ ಬಾಗಿ ಉಸಿರು ಹಿಡಿಯುತ್ತಿದ್ದರು.

“ಇನ್ನೂ ಮೇಲೇ ಐತೆ” ಎನ್ನುತ್ತಿದ್ದರು.

ನನಗೆ ಹೊಸ ವಾಚು ಬಂದಿತ್ತು. ಸುಮ್ಮನೆ ಆ ಖಾಲಿಯನ್ನು ಅಳೆದೆ. ಹನ್ನೊಂದು ಸೆಕೆಂಡು. ಪಿಯುಸಿಯಲ್ಲಿ ಮತ್ತೆ ಅಳೆದಾಗ ಹದಿಮೂರು. ಟೇಪು ಹಳೆಯದಾದರೆ ಹಿಗ್ಗುತ್ತದೆ ಎಂದು ಚಾಚಾ ಹೇಳಿದರು. ನಾನೂ ನಂಬಿದೆ. ಆದರೆ ಅದೇ ಟೇಪಿನ ಹಾಡನ್ನೂ ಅಳೆದಿದ್ದೆ. ಅದು ಆಗಲೂ ಎರಡೂವರೆ ನಿಮಿಷ, ಈಗಲೂ ಅಷ್ಟೇ. ಇದನ್ನು ನಾನು ಅವರಿಗೆ ಹೇಳಲಿಲ್ಲ... ಅವರಿಗೆ ಗೊತ್ತಿತ್ತೇನೋ.

ಪದವಿಯ ವರ್ಷ ನನಗೂ ಒಂದು ಕಾಗದ ಬಂತು, ಮೈಸೂರಿನಿಂದ. ವಿಶ್ವವಿದ್ಯಾಲಯದ ತಂಡದ ಆಯ್ಕೆ. ಮನೆಯಲ್ಲಿ ಗಂಡು ನೋಡುತ್ತಿದ್ದರು. ಹೂ ಕೇಳೋಣ ಎಂದು ಅಮ್ಮ ಹೊರಟಳು. ನಾನು ಹೆದರಿ ಚಾಚಾನ ಹತ್ತಿರ ಓಡಿದೆ. ಅವರು ಬೆಸುಗೆ ಹಾಕುತ್ತಿದ್ದ ಕಡ್ಡಿ ಕೆಳಗಿಟ್ಟು, ಎಂದೂ ಇಲ್ಲದ ಸಿಟ್ಟಿನಲ್ಲಿ ನನ್ನನ್ನು ಗದರಿದರು.

“ನಕ್ಕೋ ಬೇಟಾ, ಬೇಡ. ದೇವ್ರನ್ನ ಕೇಳ್ಬೇಡ, ಬಾಲನ್ನ ಕೇಳ್ಬೇಡ, ನನ್ನನ್ನಂತೂ ಕೇಳ್ಲೇಬೇಡ. ಬಸ್ ಬತ್ತೈತೆ, ಹತ್ತು.”

ಹತ್ತಿದೆ. ಆಡಿದೆ. ದೊಡ್ಡ ಆಟಗಾರ್ತಿಯೇನೂ ಆಗಲಿಲ್ಲ, ಕಡೂರಿನ ಶಾಲೆಯೊಂದರಲ್ಲಿ ಪಿ.ಟಿ. ಟೀಚರಾದೆ. ಇವತ್ತಿಗೂ ನನಗೆ ಇಷ್ಟವಾದ ಕೆಲಸ ಅದು, ಮತ್ತು ಅದು ಅವರು ಕೊಟ್ಟದ್ದು. ಈ ಋಣ ತೀರಿಸಬೇಕೆಂಬ ಆಸೆಯೇ ಆಮೇಲೆ ನನ್ನನ್ನು ಕೆಡಿಸಿತು.

ಎರಡು ವರ್ಷದ ಹಿಂದೆ ಚಾಚಾನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ತೊದಲಿತು. ನೋಡಲು ಹೋದಾಗ ಅಂಗಡಿಯ ಒಳಕೋಣೆಯಲ್ಲಿ ಮಲಗಿದ್ದರು. ಹುಣಸೆಮರ ಕಡಿಸಿ ಬಹಳ ವರ್ಷಗಳಾಗಿದ್ದವು, ಬಳೆ ಗುಜರಿಗೆ ಹೋಗಿತ್ತು. ಸ್ಪೂಲ್ ರೆಕಾರ್ಡರು ಮಾತ್ರ ತಲೆದೆಸೆಯಲ್ಲಿತ್ತು. ಅದರಲ್ಲಿ ರೆಕಾರ್ಡ್ ಆಗುವುದು ನಾನು ಹುಡುಗಿಯಾಗಿದ್ದಾಗಲೇ ಕೆಟ್ಟಿತ್ತು; ಹಾಡಲು ಮಾತ್ರ ಬರುತ್ತಿತ್ತು.

“ನಿನ್ ಫೋನಲ್ಲಿ ಎಲ್ಲಾ ಸಿಗ್ತೈತಂತೆ... ನೋಡವ್ವಾ. ಬಿತ್ತಾ?”

ಅರವತ್ತು ವರ್ಷ ಹತ್ತಿರವಾಗಿತ್ತು. ಕಡೂರಿಗೆ ಬಂದು ಮೂರು ದಿನ ಹುಡುಕಿದೆ. ಕೊನೆಗೆ ಒಂದು ಹಳೆಯ ಪೇಪರಿನ ಪುಟದ ಚಿತ್ರ ಸಿಕ್ಕಿತು. ಅದೇ ತಂಡ, ಅದೇ ದಿನ, ಅದೇ ಆಟಗಾರ. ಬಿದ್ದಿತ್ತು. ಬಳೆಗೆ ತಗುಲದೆ, ನೇರ. ಒಂದು ಪಾಯಿಂಟಿನಿಂದ ಗೆದ್ದಿದ್ದರು.

ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಯೋಚಿಸಿದೆ. ಬಿತ್ತು ಎಂದರೆ ಏನಾಗುತ್ತದೆ? ಹೋಗಬೇಕಿತ್ತು, ಹೋಗಲಿಲ್ಲ ಎಂದಾಗುತ್ತದೆ. ಸಾಯುವ ಕಾಲಕ್ಕೆ ಅದನ್ನು ಅವರ ಎದೆಯ ಮೇಲೆ ಇಡಲೇ? ಅವರ ಮಂಚದ ಪಕ್ಕ ಕೂತು, ಬಿದ್ದುಹೋದ ಆ ಬಲಗೈ ಹಿಡಿದು, ಹೇಳಿದೆ.

“ಇಲ್ಲ ಚಾಚಾ. ರಿಂಗಿಗೆ ಬಡಿದು ಆಚೆ ಹೋಯ್ತು.”

ಅವರು ಬಹಳ ಹೊತ್ತು ಮೇಲೆ ನೋಡಿದರು. ಹೆಂಚಿನ ಕಡೆಯಲ್ಲ... ಅದಕ್ಕಿಂತ ಸ್ವಲ್ಪ ಕೆಳಗೆ, ಗಾಳಿಯಲ್ಲಿ ಏನೋ ಇಳಿಯುವುದನ್ನು ನೋಡುವವರಂತೆ. ಕಣ್ಣು ನಿಧಾನವಾಗಿ ನೆಲಕ್ಕೆ ಬಂತು.

“ಅಚ್ಛಾ” ಎಂದರು. “ಹಂಗಾದ್ರೆ ಇಲ್ಲಿದ್ದದ್ದು ಸರಿ ಆಯ್ತು.”

ಟೇಪು ಹಾಕಲೇ ಎಂದು ಕೇಳಿದೆ. ಬೇಡವೆಂದು ಎಡಗೈ ಆಡಿಸಿದರು. ಅದು ಶುಕ್ರವಾರವಾಗಿತ್ತು. ಇನ್ನೊಂದು ಶುಕ್ರವಾರ ಅವರು ನೋಡಲಿಲ್ಲ. ಒಳ್ಳೆಯದು ಮಾಡಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಜ್ಜಿ ಬದುಕಿದ್ದರೆ ಕೆನ್ನೆಗೆ ಎರಡು ಬಾರಿಸುತ್ತಿದ್ದಳು.

ಕೆಲವು ತಿಂಗಳ ಹಿಂದೆ ಚಾಚಾನ ಮಗಳು ತರೀಕೆರೆಯಿಂದ ಫೋನು ಮಾಡಿದಳು. ಅಂಗಡಿ ಕೆಡವುತ್ತಾರೆ, ಅಬ್ಬಾನ ಡಬ್ಬಿ, ರೆಕಾರ್ಡರು ನೀವೇ ಇಟ್ಟುಕೊಳ್ಳಿ ಅಕ್ಕಾ ಎಂದಳು. ಹೋದೆ. ಖಾಲಿ ಅಂಗಡಿಯಲ್ಲಿ ಡಬ್ಬಿ ತೆಗೆದು, ಹುಳಿ ವಾಸನೆಯ ಆ ಟೇಪನ್ನು ಹುಷಾರಾಗಿ ಮೆಷಿನ್ನಿಗೆ ಸುತ್ತಿ, ಇಬ್ಬರೂ ನೆಲದ ಮೇಲೆ ಕೂತು ಕೇಳಿದೆವು. ಮಧ್ಯಾಹ್ನ ಹನ್ನೆರಡರ ಬಿಸಿಲು. ಹೊರಗೆ ಆಟೊ ಓಡಾಡುತ್ತಿದ್ದವು.

ಗಡಸು ದನಿ. ಗದ್ದಲ. ಚೀರಾಟ. ಖಾಲಿ.

ನಾನು ಅಭ್ಯಾಸಬಲದಿಂದ ವಾಚು ನೋಡಿಕೊಂಡೆ. ಐದು, ಆರು, ಏಳು...

ಠಣ್.

ಅದರ ಹಿಂದೆಯೇ, ಸಡಿಲ ಮೊಳೆಯ ಗಿಜಿಗಿಜಿ. ಆಮೇಲೆ ಮಣ್ಣಿನ ಮೇಲೆ ಚೆಂಡು ಪುಟಿಯುತ್ತಾ ದೂರ ಹೋಗುವ ಸದ್ದು, ಒಂದು, ಎರಡು, ಮೂರು. ಆಮೇಲೆ ಹೆಣ್ಣುಮಕ್ಕಳ ಹಾಡು.

ಚಾಚಾನ ಮಗಳು ನನ್ನ ತೋಳು ಹಿಡಿದುಕೊಂಡಳು. “ಅಕ್ಕಾ, ಇದು ನಮ್ ಹಿತ್ಲು ರಿಂಗಲ್ವಾ?”

ಹಿತ್ತಲ ಬಾಗಿಲು ತೆಗೆದು ನೋಡಿದೆವು. ಮರವಿದ್ದ ಜಾಗದಲ್ಲಿ ಪಕ್ಕದವರು ಜಲ್ಲಿ ಸುರಿದಿದ್ದರು. ಒಳಗೆ ಬಂದು ಟೇಪು ಹಿಂದಕ್ಕೆ ಸುತ್ತಿದೆ. ಅವಳ ಎದುರೇ, ಅವಳು ಏನೆಂದುಕೊಂಡರೂ ಸರಿ ಎಂದು, ಮೆಷಿನ್ನಿನ ಹತ್ತಿರ ಬಾಗಿ ಹೇಳಿದೆ.

“ಸುಳ್ಳು ಹೇಳ್ದೆ ಚಾಚಾ. ಬಿದ್ದಿತ್ತು. ನೇರ ಬಿದ್ದಿತ್ತು.”

ಮತ್ತೆ ಹಾಕಿದೆ. ಠಣ್ ಎಂದಿತು.

ಟೇಪು ಈಗ ಕಡೂರಿನಲ್ಲಿ ನನ್ನ ಮನೆಯ ಬೀರುವಿನಲ್ಲಿದೆ. ಶುಕ್ರವಾರ ಶಾಲೆಯಿಂದ ಬಂದು ಹಾಕುತ್ತೇನೆ. ಖಾಲಿ ಜಾಗ ಬಂದಾಗ ನಾನೂ ಮುಂದಕ್ಕೆ ಬಾಗಿ ಉಸಿರು ಹಿಡಿಯುತ್ತೇನೆ, ಇವತ್ತಾದರೂ ಒಳಗೆ ಬೀಳಲಿ ಎಂದು. ಅರವತ್ತು ವರ್ಷ ಅವರು ಮೇಲೆ ಹಿಡಿದಿಟ್ಟುಕೊಂಡಿದ್ದ ಚೆಂಡು, ಪ್ರತಿ ಸಲವೂ ಅವತ್ತು ನಾನು ಅವರಿಗೆ ಹೇಳಿದ ಕಡೆಗೇ ಬೀಳುತ್ತದೆ.