ಅಕ್ಕನ ಎಪ್ಪತ್ತೊಂದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಬಾಯಿ ಒಳ್ಳೆಯದಲ್ಲ. ನಮ್ಮ ಪಾರ್ಲರಿಗೆ ಬರುವ ಹೆಂಗಸರು ನನ್ನನ್ನು ಗುಡುಗು ಎಂದೂ ನನ್ನ ಅಕ್ಕನನ್ನು ಬಿರುಗಾಳಿ ಎಂದೂ ಕರೆಯುತ್ತಿದ್ದರು. ನನಗೆ ಆ ಹೆಸರು ಬಂದದ್ದು ಕೂಗಾಟದಿಂದ, ಅವಳಿಗೆ ಕತ್ತರಿಯಿಂದ. ಕೂತವರ ಹೆಗಲಿಗೆ ಬಟ್ಟೆ ಹೊದಿಸಿ, ಕತ್ತರಿಯನ್ನು ಗಾಳಿಯಲ್ಲೇ ಎರಡು ಸಲ ಚಕ್ ಚಕ್ ಎನಿಸಿ ಶುರು ಮಾಡಿದಳೆಂದರೆ ಹನ್ನೆರಡು ನಿಮಿಷಕ್ಕೆ ಕೈಗನ್ನಡಿ ಹಿಡಿದು ಹಿಂದೆ ನಿಂತಿರುತ್ತಿದ್ದಳು. ಕೂತವರು, "ಅಯ್ಯೋ, ಆಗೇ ಹೋಯ್ತಾ?" ಎನ್ನುತ್ತಿದ್ದರು.

ಅಮ್ಮ ತೀರಿಕೊಂಡಾಗ ಅಕ್ಕನಿಗೆ ಹದಿನಾರು, ನನಗೆ ಏಳು. ಅಪ್ಪ ಲಾರಿ ಹತ್ತಿದರೆ ಹದಿನೈದು ದಿನ ಪತ್ತೆಯಿಲ್ಲ. ನನ್ನ ತಲೆಯಲ್ಲಿ ಹೇನಾಗಿ ಶಾಲೆಯಿಂದ ಚೀಟಿ ಬಂತು. ಅಕ್ಕ ಅಮ್ಮನ ಹೊಲಿಗೆ ಡಬ್ಬಿಯಿಂದ ಕತ್ತರಿ ತೆಗೆದು, ನನ್ನನ್ನು ಬಚ್ಚಲಿನ ಕಟ್ಟೆಯ ಮೇಲೆ ಕೂರಿಸಿ, ಅಳುತ್ತ ಅಳುತ್ತಲೇ ನನ್ನ ಕೂದಲು ಕತ್ತರಿಸಿದಳು. ಮಾರನೆಯ ದಿನ ಟೀಚರ್, "ಯಾರೇ ಕತ್ತರಿಸಿದ್ದು, ಎಷ್ಟು ಚೆನ್ನಾಗಿದೆ!" ಎಂದರು. ನಾನು ಓಡಿ ಬಂದು ಹೇಳಿದೆ. ಅವಳ ದಾರಿ ಅಂದೇ ನಿಶ್ಚಯವಾಯಿತು. ಮೊದಲು ಬೇರೆಯವರ ಪಾರ್ಲರಿನಲ್ಲಿ ನೆಲದ ಕೂದಲು ಗುಡಿಸಿದಳು, ಆಮೇಲೆ ತಲೆ ತೊಳೆದಳು, ಆಮೇಲೆ ಕತ್ತರಿ ಹಿಡಿದಳು. ಮೂವತ್ತಕ್ಕೆ ಸ್ವಂತ ಅಂಗಡಿ, ಎರಡು ಕುರ್ಚಿ, ಎರಡು ಕನ್ನಡಿ. ಎರಡನೆಯ ಕುರ್ಚಿ ನನಗೆ. ಮದುವೆಯ ಮಾತು ಬಂದಾಗಲೆಲ್ಲ, "ನಾನು ಹೋದ್ರೆ ಇವಳ ಜಡೆ ಯಾರು ಹಾಕ್ತಾರೆ?" ಎಂದು ನಕ್ಕು ತಳ್ಳಿಹಾಕಿದಳು. ಕೊನೆಯ ಸಲ ಹಾಗೆಂದಾಗ ನನಗೆ ಇಪ್ಪತ್ತೆರಡು, ತಲೆಯಲ್ಲಿ ಬಾಬ್ ಕಟ್.

ನಲವತ್ತಾರು ದಾಟಿದ ಮೇಲೆ ಅಕ್ಕನಿಗೆ ಥೈರಾಯ್ಡ್ ಕಮ್ಮಿ ಇದೆ ಎಂದು ಗೊತ್ತಾಯಿತು. ಡಾಕ್ಟರಮ್ಮ ನೂರರ ಮಾತ್ರೆ ಬರೆದುಕೊಟ್ಟರು, ಬೆಳಿಗ್ಗೆ ಬರೀ ಹೊಟ್ಟೆಗೆ, ಬರೀ ನೀರಿನ ಜೊತೆ. ಕೆಲವು ತಿಂಗಳಲ್ಲಿ ಮುಖದ ಊತ ಇಳಿಯಿತು, ದನಿ ತಿಳಿಯಾಯಿತು. ರಿಪೋರ್ಟೂ ಸರಿಯಾಯಿತು. ಆದರೆ ಕೂದಲು ಉದುರುವುದು ನಿಲ್ಲಲಿಲ್ಲ, ಮಧ್ಯಾಹ್ನದ ಸುಸ್ತೂ ಪೂರ್ತಿ ಹೋಗಲಿಲ್ಲ. "ರಿಪೋರ್ಟ್ ನಾರ್ಮಲ್ ಇದೆ ಅಂದ್ಮೇಲೆ ಇನ್ನೇನು ಕೇಳೋದು?" ಎಂದು ಅಕ್ಕ ಡಾಕ್ಟರಮ್ಮನ ಹತ್ತಿರ ಬಾಯಿಯೇ ಬಿಡಲಿಲ್ಲ. ಕೂದಲಿನ ಕೆಲಸದವಳ ನೆತ್ತಿಯೇ ಬೋಳಾದರೆ ಯಾರು ತಲೆ ಕೊಡುತ್ತಾರೆ? ಅವಳು ಸ್ಕಾರ್ಫ್ ಕಟ್ಟತೊಡಗಿದಳು.

ಸಮಸ್ಯೆ ಕಂಡರೆ ಸುಮ್ಮನೆ ಕೂರುವವಳಲ್ಲ ನಾನು. ಕನ್ನಡಿಯ ಪಕ್ಕದ ಶೆಲ್ಫಿನಲ್ಲಿ ಶಾಂಪೂ, ಎಣ್ಣೆಗಳ ಜೊತೆ ನಾವು ಮಾರುವ ಕೂದಲಿನ ಮಾತ್ರೆಯ ಬಾಟಲಿಗಳಿದ್ದವು. ಬಯೋಟಿನ್, ಒಂದೊಂದರಲ್ಲೂ ಹತ್ತು ಸಾವಿರ ಮೈಕ್ರೋಗ್ರಾಂ. ಒಂದು ಬಾಟಲಿಯ ಸೀಲ್ ಒಡೆದೆ. "ಬೇಡ ಕಣೇ, ಇರೋ ಮಾತ್ರೆನೇ ಸಾಕು" ಎಂದಳು. "ಇದೇನು ಔಷಧಿನಾ? ವಿಟಮಿನ್. ಬಾಯಿ ಮುಚ್ಕೊಂಡು ನುಂಗು" ಎಂದೆ. ಬಾಯಿ ಮುಚ್ಚಿಕೊಂಡು ಹೇಗೆ ನುಂಗುವುದು ಎಂದು ಅವಳು ನಕ್ಕಳು. ಅಂದಿನಿಂದ ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಅವಳ ಅಂಗೈಗೆ ಆ ಮಾತ್ರೆ ಹಾಕಿದವಳು ನಾನೇ. ಒಂದು ದಿನವೂ ತಪ್ಪಿಸಲಿಲ್ಲ.

ಮುಂದಿನ ರಕ್ತಪರೀಕ್ಷೆಯಲ್ಲಿ ಲೆಕ್ಕ ಉಲ್ಟಾ ಹೊಡೆಯಿತು. "ಈಗ ಥೈರಾಯ್ಡ್ ಜಾಸ್ತಿ ತೋರಿಸ್ತಿದೆ. ಡೋಸ್ ಹೆಚ್ಚಾಯ್ತು ಅನ್ಸತ್ತೆ" ಎಂದರು ಡಾಕ್ಟರಮ್ಮ. "ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ?" ಎಂದೂ ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ನಾನೇ, "ಏನೂ ಇಲ್ಲ ಮೇಡಮ್" ಎಂದೆ. ಸುಳ್ಳೆಂದು ನನಗೆ ಅನಿಸಲೇ ಇಲ್ಲ. ನಮ್ಮ ಕಸುಬಿನಲ್ಲಿ ಅದು ಮಾತ್ರೆಯಲ್ಲ, ಶಾಂಪೂವಿನ ತಂಗಿ. ನೂರರ ಮಾತ್ರೆ ಎಪ್ಪತ್ತೈದರದ್ದಾಯಿತು. ಮೂರು ತಿಂಗಳ ಮೇಲೆ ಮತ್ತೆ ಅದೇ ಹಾಡು, ಎಪ್ಪತ್ತೈದು ಐವತ್ತಾಯಿತು.

ಅಷ್ಟರಲ್ಲಿ ಬಿರುಗಾಳಿ ನಿಂತೇ ಹೋಯಿತು. ಹನ್ನೆರಡು ನಿಮಿಷದ ತಲೆಗೆ ಮುಕ್ಕಾಲು ಗಂಟೆ. ಮೆಟ್ಟಿಲು ಹತ್ತಿ ಬಂದರೆ ಮೊದಲು ಸ್ಟೂಲಿನ ಮೇಲೆ ಕೂತು ಉಸಿರು ಬಿಡಬೇಕು. ಮಾತು ಎಳೆದೆಳೆದು ಬರುತ್ತಿತ್ತು, ಬೇಸಗೆಯಲ್ಲೂ ಸ್ವೆಟರ್. "ಚಳಿ ಕಣೇ" ಎಂದರೆ ನಾನು ಫ್ಯಾನ್ ಇನ್ನೊಂದು ನಂಬರ್ ಏರಿಸುತ್ತಿದ್ದೆ. ಥೈರಾಯ್ಡ್ ಜಾಸ್ತಿ ಇರುವವಳಿಗೆ ಎಂಥ ಚಳಿ? ರಿಪೋರ್ಟನ್ನು ನಂಬಬೇಕೋ ಇವಳ ಸ್ವೆಟರನ್ನೋ? ನಾನು ರಿಪೋರ್ಟನ್ನು ನಂಬಿದೆ.

ಒಂದು ಶನಿವಾರ, ನಾಲ್ಕು ಜನ ಕಾದು ಕೂತಿದ್ದಾಗ, ಅವಳ ಕತ್ತರಿ ನಮ್ಮ ಹಳೆಯ ಗಿರಾಕಿ ಬ್ಯಾಂಕ್ ಮೇಡಮ್ ಅವರ ಕಿವಿಗೆ ತಗುಲಿತು. ಬಿಳಿ ಬಟ್ಟೆಯ ಮೇಲೆ ಎರಡು ಹನಿ ರಕ್ತ. ಮೂವತ್ತು ವರ್ಷದಲ್ಲಿ ಒಂದು ಗೀರೂ ಮಾಡದ ಕೈ. ಅಕ್ಕ ಕತ್ತರಿ ಹಿಡಿದು ಹಾಗೇ ನಿಂತಳು. ನಾನು ಹತ್ತಿಯಿಂದ ಕಿವಿ ಒತ್ತಿ ಹಿಡಿದು, ಎಲ್ಲರ ಎದುರಿಗೆ ಕೂಗಿದೆ: "ಇದು ಕಾಯಿಲೆ ಅಲ್ಲ, ಸೋಮಾರಿತನ! ಸೋಮಾರಿತನಕ್ಕೆ ಯಾವ ಡಾಕ್ಟರ್ ಹತ್ರಾನೂ ಮಾತ್ರೆ ಇಲ್ಲ!"

ಅಕ್ಕ ಕತ್ತರಿ ಒರೆಸಿ ಕನ್ನಡಿಯ ಮುಂದೆ ಇಟ್ಟು ಹಿಂದಿನ ಕೋಣೆಗೆ ಹೋದಳು. ಸೋಮವಾರ ನಾನು ಅವಳ ಕುರ್ಚಿಗೆ ಬೇರೊಬ್ಬಳನ್ನು ಗೊತ್ತುಮಾಡಿದೆ. ಎರಡು ಮಕ್ಕಳ ತಾಯಿ, ಕೆಲಸ ಬಲ್ಲವಳು. ಅಕ್ಕನ ಕತ್ತರಿಯನ್ನೂ ಅವಳಿಗೇ ಕೊಟ್ಟೆ. ಅಕ್ಕನಿಗೆ ತಲೆ ತೊಳೆಯುವ ಬೇಸಿನ್. ಶುರುವಿನಲ್ಲಿ ನಿಂತಿದ್ದ ಜಾಗಕ್ಕೇ ವಾಪಸ್. "ಈ ತಿಂಗಳು ಮುಗಿದ ಮೇಲೆ ನೀನು ಮನೇಲೇ ಇದ್ಬಿಡು, ರೆಸ್ಟ್ ಆಗತ್ತೆ" ಎಂದೆ. "ಹೂಂ. ನನಗೂ ನನ್ನ ಮೇಲೇ ಬೇಜಾರು ಬಂದಿದೆ. ಏನೋ ಆಲಸ್ಯ ಹಿಡಿದುಬಿಟ್ಟಿದೆ ನಂಗೆ" ಎಂದಳು. ಅವಳೂ ಅದನ್ನು ನಂಬಿಬಿಟ್ಟಿದ್ದಳು.

ತಿಂಗಳು ಮುಗಿಯಲು ಒಂಬತ್ತು ದಿನ ಇರುವಾಗ ಲ್ಯಾಬಿನ ಹೆಂಗಸು ಬಂದರು. ಪ್ರತಿ ಸಲ ಅಕ್ಕನ ರಕ್ತ ತೆಗೆಯುತ್ತಿದ್ದವರು ಅವರೇ. ಬೇಸಿನ್ನಿಗೆ ಕತ್ತು ಒರಗಿಸಿ ಮಲಗಿದವರು ಅಕ್ಕ ಕೈ ಇಟ್ಟದ್ದೇ ಬೆಚ್ಚಿ ಎದ್ದು ಕೂತರು.

"ಏನ್ರೀ ಕೈ ಇಷ್ಟು ತಣ್ಣಗೆ! ಬಿಸಿನೀರಲ್ಲಿ ಇಟ್ಕೊಂಡೂ?" ಎಂದು ಅಕ್ಕನ ಮುಖವನ್ನು ದಿಟ್ಟಿಸಿ ನೋಡಿದರು. "ನಿಮ್ಮ ರಿಪೋರ್ಟಲ್ಲಿ ಥೈರಾಯ್ಡ್ ಜಾಸ್ತಿ ಅಂತಲ್ವಾ ಬಂದಿದ್ದು? ಅಂಥವ್ರಿಗೆ ಕೈ ಬಿಸಿ ಇರತ್ತೆ, ಬೆವರ್ತಾರೆ, ಸಣ್ಣ ಆಗ್ತಾರೆ. ನಿಮ್ಮ ಮುಖ ಊದ್ಕೊಂಡಿದೆಯಲ್ರೀ."

ಅವರ ಕಣ್ಣು ಶೆಲ್ಫಿನ ಮೇಲೆ ಬಿತ್ತು. ಒದ್ದೆ ತಲೆಯಲ್ಲೇ ಎದ್ದು ಹೋಗಿ ಕೂದಲಿನ ಮಾತ್ರೆಯ ಬಾಟಲಿ ತೆಗೆದು ಹಿಂದಿನ ಚೀಟಿ ಓದಿದರು.

"ಇದನ್ನ ನೀವು ತಗೋತೀರಾ?"

"ದಿನಾ" ಎಂದೆ ನಾನು ಹೆಮ್ಮೆಯಿಂದ. "ಎಂಟು ತಿಂಗಳಾಯ್ತು. ನಾನೇ ಕೊಡ್ತೀನಿ."

"ರಕ್ತ ಕೊಡೋ ದಿನಗಳಲ್ಲೂ?"

"ಒಂದು ದಿನವೂ ತಪ್ಪಿಸಿಲ್ಲ."

ಅವರು ಕುರ್ಚಿಯಲ್ಲಿ ಕುಸಿದು ಕೂತರು. "ಅಯ್ಯೋ, ಇದು ನಮ್ಮ ಮೆಷೀನಿನ ಕಣ್ಣಿಗೇ ಮಣ್ಣೆರಚತ್ತೆ ರೀ! ರಕ್ತದಲ್ಲಿ ಇಷ್ಟು ಬಯೋಟಿನ್ ಇದ್ರೆ ನಮ್ಮಲ್ಲಿರೋ ಥರದ ಮೆಷೀನು ಟಿಎಸ್‌ಎಚ್ ಸುಳ್ಳುಸುಳ್ಳೇ ಕಮ್ಮಿ ತೋರಿಸತ್ತೆ, ಹಾರ್ಮೋನು ಜಾಸ್ತಿ ತೋರಿಸತ್ತೆ."

ಟಿಎಸ್‌ಎಚ್ ಕಮ್ಮಿಯಾದರೆ ಥೈರಾಯ್ಡ್ ಜಾಸ್ತಿ ಹೇಗಾಗುತ್ತದೆ ಎಂದು ನನಗೆ ತಲೆಬುಡ ಹತ್ತಲಿಲ್ಲ. ಅವರು ನನ್ನತ್ತ ಬೆರಳು ತೋರಿಸಿದರು. "ನಿಮ್ಮಕ್ಕ ನಿಧಾನ ಆದಷ್ಟೂ ನೀವು ಜೋರಾಗಿ ಕೂಗ್ತೀರಲ್ಲ, ಹಾಗೆ. ಕತ್ತಿನ ಗ್ರಂಥಿ ನಿಧಾನ ಆದ್ರೆ ಮೆದುಳು ಕೂಗತ್ತೆ. ಆ ಕೂಗೇ ಟಿಎಸ್‌ಎಚ್. ಕೂಗು ಜೋರಾಗಿದೆ ಅಂದ್ರೆ ಹಾರ್ಮೋನು ಸಾಲ್ತಿಲ್ಲ ಅಂತ. ಮೆಷೀನಿಗೆ ಆ ಕೂಗು ಕೇಳಿಸದ ಹಾಗೆ ಮಾಡಿರೋದು ಈ ಮಾತ್ರೆ. ನಾನು ಡಾಕ್ಟರಲ್ಲ, ಇವತ್ತೇ ಅವರಿಗೆ ಫೋನ್ ಮಾಡಿ."

ಹೊಸಬಳ ಕತ್ತರಿಯ ಸದ್ದು ನಿಂತಿತು. ಅಕ್ಕ ಮಾತ್ರ ಟವೆಲ್ ಹಿಡಿದು, "ತಲೆ ಒರೆಸ್ಲಾ ಮೇಡಮ್, ಶೀತ ಆಗತ್ತೆ" ಎಂದಳು.

ಡಾಕ್ಟರಮ್ಮ ಬಯೋಟಿನ್ ಒಂದು ವಾರ ಪೂರ್ತಿ ನಿಲ್ಲಿಸಿ ರಕ್ತ ಕೊಡಲು ಹೇಳಿದರು. ಆ ವಾರ ನಾನು ಕೂಗಲಿಲ್ಲ. ಖಾಯಂ ಗಿರಾಕಿಗಳು, "ಗುಡುಗಿಗೆ ಗಂಟಲು ಕಟ್ಟಿದೆಯಾ?" ಎಂದರು. ಎಂಟನೆಯ ದಿನ ಬೆಳಿಗ್ಗೆ ರಕ್ತ ಕೊಟ್ಟು, ಮಧ್ಯಾಹ್ನ ನಾವಿಬ್ಬರೂ ಡಾಕ್ಟರಮ್ಮನ ಎದುರು ಕೂತೆವು. ಅವರು ವರದಿ ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು.

"ಎಪ್ಪತ್ತೊಂದು" ಎಂದರು. "ಟಿಎಸ್‌ಎಚ್ ನಾಲ್ಕರ ಒಳಗಿರಬೇಕು. ನಿಮ್ಮದು ಎಪ್ಪತ್ತೊಂದು. ನಾನು ಎರಡು ಸಲ ಡೋಸ್ ಇಳಿಸಿದೆನಲ್ಲಮ್ಮಾ... ಈ ಸ್ಥಿತೀಲಿ ನೀವು ಎದ್ದು ಕೆಲಸಕ್ಕೆ ಹೋಗ್ತಿದ್ದಿದ್ದೇ ದೊಡ್ಡದು." ವರದಿ ಕೆಳಗಿಟ್ಟು ಕೇಳಿದರು, "ಆ ಕೂದಲಿನ ಮಾತ್ರೆ ಯಾರು ಕೊಟ್ಟಿದ್ದು?"

"ನಾನೇ ತಗೊಂಡೆ" ಎಂದಳು ಅಕ್ಕ, ನಾನು ಬಾಯಿ ತೆರೆಯುವ ಮೊದಲೇ.

ನಾನು ಸಾಯುವವರೆಗೂ ಮರೆಯದ ಮಾತು ಅದು. "ಅವಳಲ್ಲ ಮೇಡಮ್, ನಾನು ಕೊಟ್ಟಿದ್ದು. ನೀವು ಕೇಳ್ದಾಗ ಇಲ್ಲ ಅಂದಿದ್ದೂ ನಾನೇ" ಎಂದೆ. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಡೋಸ್ ಮತ್ತೆ ಏರಿಸಿದರು, ಆರು ವಾರಕ್ಕೆ ಮತ್ತೆ ಪರೀಕ್ಷೆ ಎಂದರು. ರಿಪೋರ್ಟ್ ಸರಿಯಿದ್ದೂ ಮೈ ಸರಿಯಿಲ್ಲದಿದ್ದರೆ ಸುಮ್ಮನಿರಬಾರದು, ಬಂದು ಹೇಳಬೇಕು, ಬೇರೆ ಕಾರಣ ಹುಡುಕಬಹುದು ಎಂದರು. ಈ ಸಲ ಅದೇ ರಕ್ತದಲ್ಲಿ ಅದನ್ನೂ ಹುಡುಕಿಸಿದ್ದರು, ಕಬ್ಬಿಣದ ಅಂಶ ಪಾತಾಳದಲ್ಲಿತ್ತು. ಕೂದಲು ಉದುರುತ್ತಿದ್ದದ್ದು, ಸುಸ್ತು ಉಳಿದದ್ದು ಬಹುಶಃ ಅದರಿಂದ. ಅದಕ್ಕೆ ಬೇರೆ ಮಾತ್ರೆ, ಥೈರಾಯ್ಡ್ ಮಾತ್ರೆ ನುಂಗಿ ನಾಲ್ಕು ಗಂಟೆ ಬಿಟ್ಟು.

ಹೊರಗೆ ಬಂದೆವು. ಎಪ್ಪತ್ತೊಂದು, ಎಪ್ಪತ್ತೊಂದು ಎಂದು ತಲೆಯಲ್ಲಿ ಬಡಿಯುತ್ತಿತ್ತು. ಅಕ್ಕನ ಮುಖ ನೋಡಲು ಧೈರ್ಯ ಬರಲಿಲ್ಲ. ಕೊನೆಗೆ ನೋಡಿದೆ. ಅವಳು ನಗುತ್ತಿದ್ದಳು! ಊದಿದ ಕಣ್ಣುಗಳಲ್ಲಿ ನೀರು, ಬಾಯ್ತುಂಬ ನಗು, ಪರೀಕ್ಷೆಯಲ್ಲಿ ಪಾಸಾದ ಮಗುವಿನ ಹಾಗೆ ಆ ಕಾಗದವನ್ನು ಎದೆಗೆ ಅವಚಿಕೊಂಡಿದ್ದಳು.

"ಎಪ್ಪತ್ತೊಂದಂತೆ ಕಣೇ!" ಎಂದಳು. "ನಾನು ಸೋಮಾರಿ ಅಲ್ಲ."

ಮನೆಗೆ ಹೋಗೋಣ ಎಂದರೆ ಕೇಳಲಿಲ್ಲ, ಅಂಗಡಿಗೇ ನಡೆದಳು. ಮೆಟ್ಟಿಲಿನಲ್ಲಿ ಮೂರು ಕಡೆ ನಿಂತು ಉಸಿರೆಳೆದುಕೊಂಡಳು. ಒಳಗೆ ಬ್ಯಾಂಕ್ ಮೇಡಮ್ ಹೊಸಬಳ ಎದುರು ಕೂತಿದ್ದರು, ಇನ್ನಿಬ್ಬರು ಕಾಯುತ್ತಿದ್ದರು. ಅಕ್ಕ ವರದಿಯನ್ನು ನನ್ನ ಕೈಗೆ ಕೊಟ್ಟಳು.

"ಓದು."

"ಅಕ್ಕಾ, ಮನೇಲಿ..."

"ನಾಲ್ಕು ಜನರ ಮುಂದೆ ಅಂದಿದ್ದೆ. ನಾಲ್ಕು ಜನರ ಮುಂದೆ ಓದು."

ಹುಟ್ಟಿದಾಗಿನಿಂದ ಅವಳು ನನಗೆ ಹಾಕಿದ ಮೊದಲ ಆಜ್ಞೆ ಅದು. ನಾನು ಓದಿದೆ. ತಾರೀಖು, ಅವಳ ವಯಸ್ಸು, ಇರಬೇಕಾದದ್ದು ಎಷ್ಟು, ಇರುವುದು ಎಷ್ಟು. ಎಪ್ಪತ್ತೊಂದು ಎನ್ನುವಾಗ ದನಿ ತಗ್ಗಿಸಿದೆ. ಹೊಸಬಳು ಕತ್ತರಿಯನ್ನು ಸೆರಗಿಗೆ ಒರೆಸಿ, ಹಿಡಿ ಮುಂದೆ ಮಾಡಿ ಅಕ್ಕನತ್ತ ಚಾಚಿದಳು. ಅಕ್ಕ ಈಗಲೇ ಬೇಡವೆಂದು ತಲೆಯಾಡಿಸಿ, ತನ್ನ ಹಳೆಯ ಕುರ್ಚಿಯ ಪಕ್ಕದ ಸ್ಟೂಲಿನಲ್ಲಿ ಕೂತು, ಸ್ವೆಟರಿನ ಗುಂಡಿ ಹಾಕಿಕೊಂಡಳು.

"ಕೇಳಿಸ್ಲಿಲ್ಲ" ಎಂದಳು. "ಇನ್ನೊಂದ್ಸಲ, ಜೋರಾಗಿ."